ಮೋಟಿವೇಶನ್ ಕೇಳ್ಕೊಂಡು ಬಂದ್ರು, ಕಥೆ ಬೇರೆನೇ ಇತ್ತು

ಈ ಕೇಸ್ ಬರೀಬೋದಾ ಅಂತ ಅವ್ರನ್ನೇ ಕೇಳಿ, ಅವ್ರು ಓದಿ ಹೂಂ ಅಂದ್ಮೇಲೇನೇ ಹಾಕ್ತಿರೋದು. ಹೆಸ್ರು, ವಯಸ್ಸು, ಮನೇಲಿ ಎಷ್ಟು ಜನ, ಯಾವ ತಾಲೂಕು ಎಲ್ಲ ಬದಲಾಯ್ಸಿದೀನಿ, ಹಂಗಾಗಿ ಮಂಡ್ಯ ಕಡೆಯೋರು ಇದು ಇಂಥೋರೇ ಇರ್ಬೇಕು ಅಂತ ಹುಡುಕೋಕೆ ಹೋಗ್ಬೇಡಿ, ಸಿಗಲ್ಲ. ಭಾಗ್ಯ ಅಂತ ಇಟ್ಕೊಳ್ಳೋಣ. ಮೂವತ್ತೈದರ ಆಸುಪಾಸು, ಬಿ.ಎಡ್ ಆಗಿದೆ, ಮದ್ವೆಗೆ ಮುಂಚೆ ಪ್ರೈವೇಟ್ ಸ್ಕೂಲಲ್ಲಿ ಕನ್ನಡ ಪಾಠ ಮಾಡ್ತಿದ್ರು, ಈಗ ಮಂಡ್ಯ ಜಿಲ್ಲೆ ಒಂದು ಹಳ್ಳೀಲಿ ತುಂಬಿದ ಮನೆ ಸೊಸೆ. ಮನೇದೇ ಆಲೆಮನೆ ಇದೆ. ಬಸ್ಸು ಹಿಡ್ಕೊಂಡು ಮೈಸೂರಿಗೆ ಬಂದು, ಕೌನ್ಸೆಲರ್ ಆದ ನನ್ನೆದುರು ಕೂತು ಹೇಳಿದ ಮೊದಲನೇ ಮಾತು, "ಮೇಡಂ, ನಂಗೆ ಮೋಟಿವೇಶನ್ ಇಲ್ಲ, ಅದೇನಾದ್ರೂ ಬರೋ ಹಂಗೆ ಮಾಡಿ."

ಏನಕ್ಕೆ ಅಂದ್ರೆ ಬರಿಯೋಕೆ. ಒಂದು ಬ್ಲಾಗ್ ಶುರು ಮಾಡಿದ್ರಂತೆ, ಆಲೆಮನೆ, ಹೊಲ, ಹಳ್ಳಿ ಮನೆ ಅಡುಗೆ ಇಂಥದ್ದೆಲ್ಲ. ಮೊದಮೊದಲು ವಾರಕ್ಕೆ ಎರಡೆರಡು ಹಾಕೋರು. ಆಮೇಲೆ ವಾರಕ್ಕೊಂದು, ಆಮೇಲೆ ಪೂರ್ತಿ ಬಂದ್. "ಫೋನ್ ಹಿಡ್ಕಂಡ್ರೆ ಒಂದು ಲೈನೂ ಬರಲ್ಲ ಮೇಡಂ. ನಾನು ಯಾವ್ದನ್ನೂ ಕೊನೇಗಂಟ ಮಾಡೋಳಲ್ಲ. ಸೋಮಾರಿ." ಬೆಳಗ್ಗೆ ಐದಕ್ಕೆ ಮುಂಚೆ ಎದ್ದು, ಮನೆ ಮಂದಿಗೂ ಆಲೆಮನೆ ಆಳುಗಳಿಗೂ ಮುದ್ದೆ ಸಾರು ಮಾಡಿ, ಮಕ್ಳನ್ನ ಸ್ಕೂಲ್ ವ್ಯಾನ್ ಹತ್ತಿಸೋ ಹೆಂಗಸು ತಾನು ಸೋಮಾರಿ ಅಂತಿದಾರೆ, ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ.

ಏನೇನು ಟ್ರೈ ಮಾಡಿದೀರಿ ಅಂದೆ. ಸ್ಟ್ರೀಕ್, ಅಂದ್ರೆ ಎಷ್ಟು ದಿನ ಬಿಡದೆ ಮಾಡಿದ್ವಿ ಅಂತ ಎಣಿಸೋ ಆ್ಯಪು, ನಾಲ್ಕು ಗಂಟೆಗೆ ಎದ್ದು ಬರಿಯೋದು, ಆಮೇಲೆ ಎಲ್ರೂ ಮಾಡೋ, 21 ದಿನ ಬಿಡದೆ ಮಾಡಿದ್ರೆ ಅಭ್ಯಾಸ ಆಗೋಗತ್ತೆ ಅನ್ನೋ ಆ ಚಾಲೆಂಜು. ಒಂಬತ್ತನೇ ದಿನ ಮಗೂಗೆ ಜ್ವರ ಬಂತು, ತಪ್ತು, ಅಲ್ಲಿಗೆ "ನನ್ನ ಹಣೇಬರಾನೇ ಇಷ್ಟು" ಅಂತ ಕೈಬಿಟ್ರು.

ಈ 21 ದಿನದ ಬಗ್ಗೆ ಎರಡು ಮಾತು ಹೇಳ್ಲೇಬೇಕು, ಯಾಕಂದ್ರೆ ನನ್ನ ಹತ್ರ ಬರೋರಲ್ಲಿ ತುಂಬಾ ಜನ ಇದನ್ನ ತಲೆ ಮೇಲೆ ಹೊತ್ಕೊಂಡೇ ಬರ್ತಾರೆ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಆಪರೇಶನ್ ಆದೋರಿಗೆ ಹೊಸ ಮುಖ ಒಗ್ಗೋಕೆ ಕಮ್ಮಿ ಅಂದ್ರೂ 21 ದಿನ ಹಿಡಿಯತ್ತೆ ಅಂತ ಬರ್ದ, ಆ 'ಕಮ್ಮಿ ಅಂದ್ರೂ' ಅನ್ನೋದು ಬಾಯಿಂದ ಬಾಯಿಗೆ ಹೋಗೋವಾಗ ಉದುರೋಯ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ಫಿಲಿಪಾ ಲಾಲಿ ಮತ್ತೆ ಅವ್ರ ಜೊತೆಯೋರು 96 ಜನರನ್ನ 12 ವಾರ ಗಮನಿಸಿ 2010ರಲ್ಲಿ ಪ್ರಕಟ ಮಾಡಿದ್ರಲ್ಲ, ಅದರ ಪ್ರಕಾರ ಒಂದು ಕೆಲ್ಸ ತಾನಾಗೇ ಆಗೋ ಅಭ್ಯಾಸ ಆಗೋಕೆ ಒಬ್ಬೊಬ್ರಿಗೆ ಒಂದೊಂದು, 18 ದಿನದಿಂದ ಹಿಡ್ದು ಅಂದಾಜು 254 ದಿನದವರೆಗೆ, ನಡೂಮಧ್ಯದ ಲೆಕ್ಕ 66. ಅದೂ ಊಟದ ಜೊತೆ ಹಣ್ಣು ತಿನ್ನೋದು, ನೀರು ಕುಡಿಯೋದು ಇಂಥ ಸಣ್ಣ ಸಣ್ಣ ಕೆಲ್ಸಕ್ಕೆ. ಒಂದು ಪುಟ ಬರಿಯೋದು ಅಷ್ಟು ಸಲೀಸಾ? ಅದೇ ಸ್ಟಡೀಲಿ ಒಂದಿನ ತಪ್ಪಿದ್ರಿಂದ ಅಭ್ಯಾಸ ಬೆಳಿಯೋದಕ್ಕೆ ಹೇಳ್ಕೊಳ್ಳೋ ಅಂಥ ಪೆಟ್ಟೇನೂ ಬೀಳ್ಲಿಲ್ಲ. ಇದನ್ನ ಹೇಳ್ದಾಗ ಭಾಗ್ಯ "ಹಂಗಾದ್ರೆ ಮಗೂ ಜ್ವರಕ್ಕೆ ನಾನು ಫೇಲ್ ಆಗ್ಲಿಲ್ವಾ" ಅಂದ್ರು.

ಆದ್ರೂ ಬರೀ ಅಭ್ಯಾಸದ ಮಾತಾಡಿ ಕಳ್ಸೋಕೆ ಆಗಲ್ಲ. ಯಾವ್ದ್ರಲ್ಲೂ ಆಸಕ್ತಿ ಇಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಮೊದ್ಲು ನೋಡೋದು ಅದು ಬರವಣಿಗೆಗೆ ಮಾತ್ರಾನಾ ಇಲ್ಲ ಎಲ್ಲದಕ್ಕೂನಾ ಅಂತ. ನಿದ್ದೆ, ಊಟ, ಸುಸ್ತು, ಮಕ್ಳ ಜೊತೆ ನಗೋದು, ಬದುಕೋದೇ ಬೇಡ ಅನ್ಸಿದ್ಯಾ, ಎಲ್ಲಾ ಕೇಳ್ದೆ, ಖಿನ್ನತೆ ಇದ್ಯಾ ಅಂತ ನೋಡೋಕೆ ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೇದು ಒಂದು ಫಾರಂ ಇದೆ ಅದನ್ನೂ ತುಂಬಿಸ್ದೆ. ಅಂಥದ್ದೇನೂ ಇರ್ಲಿಲ್ಲ. ಎರಡು ವಾರದಿಂದ ದಿನಾ ಮನಸ್ಸು ಕುಗ್ಗಿದೆ, ಇಷ್ಟ ಆಗ್ತಿದ್ದ ಯಾವ್ದೂ ಬೇಡ ಅನ್ಸ್ತಿದೆ, ನಿದ್ದೆ ಊಟ ಏರುಪೇರಾಗಿದೆ ಅನ್ನೋರು ದಯವಿಟ್ಟು ಮೋಟಿವೇಶನ್ ವಿಡಿಯೋ ನೋಡ್ತಾ ಕೂರ್ಬೇಡಿ, ಡಾಕ್ಟ್ರನ್ನ ನೋಡಿ. ಟೆಲಿ ಮಾನಸ್ ಅಂತ ಸರ್ಕಾರದ್ದು 14416 ನಂಬರಿದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬೋದು.

ಎರಡನೇ ಸಲ ಬಂದಾಗ ಫೋನ್ ತೆಗೀರಿ, ಬರ್ದಿರೋದನ್ನೆಲ್ಲ ತಾರೀಕಿನ ಸಮೇತ ನೋಡೋಣ ಅಂದೆ. ಇದು ನಾನು ಯಾವಾಗ್ಲೂ ಮಾಡೋದು, ಜನ "ನಿಧಾನಕ್ಕೆ ನಿಂತೋಯ್ತು" ಅಂತಾರೆ, ತಾರೀಕು ನೋಡಿದ್ರೆ ಹಂಗಿರಲ್ಲ.

ಮೊದಲ್ನೇ ಬರಹ ಪಾಕದ ಬಗ್ಗೆ. ಕೊಪ್ಪರಿಗೇಲಿ ಕಬ್ಬಿನ ಹಾಲು ಕಾಯೋವಾಗ ಬೆಂಡೆ ಗಿಡ ಜಜ್ಜಿದ ಲೋಳೆ ಹಾಕಿದ್ರೆ ಮಡ್ಡಿ ಹೆಂಗೆ ಮೇಲೆ ಬರತ್ತೆ, ಅದನ್ನ ಬಾಚಿ ತೆಗೆದ್ಮೇಲೆ ಬಣ್ಣ ಹೆಂಗೆ ತಿರುಗತ್ತೆ, ಕೊನೇಲಿ ಒಂದು ತೊಟ್ಟು ಪಾಕ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡೋದು, ಉಂಡೆ ನಿಂತ್ರೆ ಇಳಿಸ್ಬೇಕು, ಒಂದು ಗಳಿಗೆ ತಡ ಆದ್ರೂ ತಳ ಹತ್ತಿ ಬೆಲ್ಲ ಕಹಿ. ಮಾವ ಕಣ್ಣು ಕಿರಿದು ಮಾಡಿ ಗುಳ್ಳೆ ನೋಡ್ತಾ ನಿಂತಿರೋದು ಎರಡೇ ಲೈನಲ್ಲಿ ಬಂದಿತ್ತು. ಏನ್ ಚೆಂದ ಬರ್ದಿದ್ರು ಅಂದ್ರೆ, ಓದಿ ನಂಗೇ ಆಲೆಮನೆ ಹೊಗೆ ವಾಸ್ನೆ ಬಂದಂಗಾಯ್ತು. ಹಿಂಗೇ ಹನ್ನೆರಡೋ ಹದಿಮೂರೋ ಇದ್ವು, ಸಾಲಾಗಿ, ಎಲ್ಲೂ ಬಿಡುವಿಲ್ದೆ. ಆಮೇಲೆ ಒಂದೇ ಸಲ ಖಾಲಿ. ಡ್ರಾಫ್ಟ್ ಒಳಗೆ ಮಾತ್ರ ಬರೀ ಮೊದಲನೇ ಲೈನುಗಳು, "ಇವತ್ತು ಬೆಳಗ್ಗೆ ಗಾಣದ ಹತ್ರ" ಅಂತ ಒಂದು, "ನಮ್ಮತ್ತೆ ಹೇಳೋರು" ಅಂತ ಇನ್ನೊಂದು.

ಹಾಕಿದ್ದ ಕೊನೇದು ಯಾವ್ದು ಇದು ಅಂದೆ. ಭಾಗ್ಯ ಫೋನ್ ವಾಪಸ್ ಇಸ್ಕೊಂಡ್ರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ರು.

ಅದು ಹೈಡ್ರೋಸ್ ಬಗ್ಗೆ. ಬೆಲ್ಲ ಹಳದಿಯಾಗಿ ಹೊಳೀಲಿ ಅಂತ ಕೆಲವ್ರು ಕೊಪ್ಪರಿಗೆಗೆ ಸೋಡಿಯಂ ಹೈಡ್ರೋಸಲ್ಫೈಟ್ ಅನ್ನೋ ಬಣ್ಣ ತಿಳಿ ಮಾಡೋ ಕೆಮಿಕಲ್ ಹಾಕ್ತಾರೆ, ಅದೇ ಹೈಡ್ರೋಸ್, ಬೆಲ್ಲದೂರೋರಿಗೆ ಇದು ಗೊತ್ತಿರೋ ವಿಷ್ಯಾನೇ. ಭಾಗ್ಯ ಅದನ್ನ ಬರ್ದ್ರು, ಜನ ಸಿಕ್ಕಾಪಟ್ಟೆ ವಾಟ್ಸಾಪಲ್ಲಿ ಹಂಚಿದ್ರು. ಎರಡು ದಿನಕ್ಕೆ ಪಕ್ಕದ ಊರಿನ ಆಲೆಮನೆಯೋರು ಒಬ್ರು ಮಾವಂಗೆ ಫೋನ್ ಮಾಡಿ, "ಏನ್ ಗೌಡ್ರೆ, ನಿಮ್ಮ ಸೊಸೆ ನಮ್ಮ ಹೊಟ್ಟೆ ಮೇಲೆ ಹೊಡೀತಾವ್ಳಲ್ಲ" ಅಂದ್ರಂತೆ. ಮಾವ ಸೊಸೇಗೆ ಒಂದು ಮಾತೂ ಅನ್ಲಿಲ್ಲ. ರಾತ್ರಿ ಮುದ್ದೆ ಉಂಡು ಎದ್ದೋದ್ರು, ಅಷ್ಟೇ. ಗಂಡನೂ ಏನೂ ಅನ್ಲಿಲ್ಲ. ವಾರಗಿತ್ತಿ ಮಾತ್ರ ಪಾತ್ರೆ ತೊಳಿಯೋವಾಗ "ಪೇಪರ್ನೋರು ಬಂದ್ರು, ಹುಷಾರಾಗಿ ಮಾತಾಡ್ರಪ್ಪ" ಅಂತ ನಕ್ಕಿದ್ದು. ಬೈದಿದ್ರೆ ಎದುರು ಮಾತಾಡಿ ಮುಗ್ಸ್‌ಬೋದಿತ್ತು ಮೇಡಂ ಅಂದ್ರು ಭಾಗ್ಯ, ಬೈಲೇ ಇಲ್ಲ.

ಇಷ್ಟನ್ನೂ ಅವ್ರು ಮೊದಲ್ನೇ ಭೇಟೀಲಿ ಹೇಳೇ ಇರ್ಲಿಲ್ಲ, ಮುಚ್ಚಿಟ್ಟಿದ್ದಲ್ಲ, ಎರಡಕ್ಕೂ ಸಂಬಂಧ ಇದೆ ಅಂತ ಅವ್ರಿಗೇ ಹೊಳ್ದಿರ್ಲಿಲ್ಲ. ಹೆದ್ರಿಕೆ ಅಂತ ಒಪ್ಕೊಳ್ಳೋದಕ್ಕಿಂತ ಸೋಮಾರಿ ಅಂತ ತನ್ನನ್ನ ತಾನೇ ಬೈಕೊಳ್ಳೋದು ಸುಲಭ ಅನ್ಸತ್ತೆ ನಂಗೆ, ಅದ್ರಲ್ಲೂ ಬೈಸ್ಕೊಂಡೇ ಅಭ್ಯಾಸ ಆಗಿರೋ ಸೊಸೆಯಂದ್ರಿಗೆ. ಇಲ್ಲಿ ನಾಲ್ಕು ಗಂಟೆ ಅಲಾರಂ ಏನ್ ಮಾಡತ್ತೆ ಹೇಳಿ.

ಮೊದ್ಲು ಕೊಟ್ಟ ಕೆಲ್ಸ ಬ್ಲಾಗಿಗೆ ಸಂಬಂಧಾನೇ ಇಲ್ಲ. ಆ ಫೋನ್ ಬಂದ ರಾತ್ರಿ ಬಗ್ಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಒಂದು ನೋಟ್‌ಬುಕ್ಕಲ್ಲಿ ಬರೀರಿ, ಯಾರಿಗೂ ತೋರಿಸ್ಬೇಡಿ, ನಂಗೂ ಬೇಡ, ಬೇಕಾದ್ರೆ ಆಮೇಲೆ ಒಲೆಗೆ ಹಾಕಿ ಅಂದೆ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಕಾಲೇಜು ಹುಡುಗ್ರ ಹತ್ರ ಮಾಡ್ಸಿದ್ದ ಕ್ರಮ ಇದು, ಮನಸ್ಸಿಗೆ ಪೆಟ್ಟಾಗಿರೋ ಸಂಗತೀನ ಭಾವನೆ ಸಮೇತ ಬರ್ದೋರು ಮುಂದಿನ ತಿಂಗಳುಗಳಲ್ಲಿ ಡಾಕ್ಟ್ರ ಹತ್ರ ಹೋಗಿದ್ದು ಕಮ್ಮಿ. ಬರ್ದ ತಕ್ಷಣ ಮನಸ್ಸು ಇನ್ನೂ ಭಾರ ಆಗ್ಬೋದು ಅಂತ್ಲೂ ಹೇಳ್ದೆ, ಅದನ್ನ ಹೇಳ್ದೇ ಈ ಕೆಲ್ಸ ಕೊಡ್ಬಾರ್ದು. ಭಾಗ್ಯ ಮಾಡಿದ್ರು, ಒಲೆಗೇನೂ ಹಾಕ್ಲಿಲ್ಲ, ಆದ್ರೆ ಅದೇ ನೋಟ್‌ಬುಕ್ಕಲ್ಲಿ ಐದನೇ ದಿನ ಗಾಣದ ಬಗ್ಗೆ ಒಂದು ಪುಟ ಬರ್ದಿದ್ರು, ಹೇಳ್ದೇನೇ. ನೋಡಿ, ಬರಿಯೋದು ನಿಂತಿರ್ಲಿಲ್ಲ, ಹೊರಗೆ ಹಾಕೋದು ನಿಂತಿತ್ತು.

ಅದಕ್ಕೇ ಮುಂದಿನ ಸಲಹೆ ಪೂರ್ತಿ ಇವೆರಡನ್ನ ಬೇರೆ ಮಾಡೋದ್ರ ಮೇಲೇನೇ. ಬರಿಯೋದು ನೋಟ್‌ಬುಕ್ಕಲ್ಲಿ, ಯಾವಾಗ ಅಂದ್ರೆ ಮಕ್ಳ ವ್ಯಾನ್ ತಿರುವು ದಾಟಿದ್ಮೇಲೆ ಒಳಗೆ ಹೋಗೋಕೆ ಮುಂಚೆ ಜಗಲಿ ಮೇಲೆ ಕೂತು ಹತ್ತು ನಿಮಿಷ. 'ದಿನಾ ಬರೀತೀನಿ' ಅನ್ನೋದಲ್ಲ, 'ವ್ಯಾನ್ ಹೋದ್ರೆ ಕೂರ್ತೀನಿ' ಅನ್ನೋದು. ಪೀಟರ್ ಗೋಲ್ವಿಟ್ಜರ್ ಅಂತ ಒಬ್ರು ಸೈಕಾಲಜಿಸ್ಟು ಈ ಥರ 'ಇದಾದ್ರೆ ಅದು' ಅಂತ ಮೊದ್ಲೇ ಗಂಟು ಹಾಕ್ಕೊಂಡೋರು, ಬರೀ ಆಸೆ ಇಟ್ಕೊಂಡೋರಿಗಿಂತ ಹೆಚ್ಚು ಕೆಲ್ಸ ಮುಗಿಸ್ತಾರೆ ಅಂತ ತುಂಬಾ ಕೆಲ್ಸ ಮಾಡಿ ತೋರ್ಸಿದಾರೆ. ವ್ಯಾನ್ ಬರದೇ ಇರೋ ದಿನ, ಅಂದ್ರೆ ಭಾನುವಾರ, ಹಬ್ಬ, ರಜ, ಬರಿಯೋದೇ ಬೇಡ. ಲೈನ್ ಮಧ್ಯದಲ್ಲಿ ಅತ್ತೆ ಕೂಗಿದ್ರೆ ಅರ್ಧಕ್ಕೇ ಬಿಟ್ಟು ಎದ್ದೋಗಿ, ಅರ್ಧ ಬಿಟ್ಟಿರೋ ಲೈನು ನಾಳೆ ಶುರು ಮಾಡೋಕೆ ಒಳ್ಳೇದೇ.

ನಂಬರ್ ನೋಡೋದು ಬಿಡ್ಸೋಕೆ ಸ್ವಲ್ಪ ಕಷ್ಟ ಆಯ್ತು. ಎಷ್ಟು ಜನ ನೋಡಿದ್ರು ಅಂತ ದಿನಕ್ಕೆ ಹತ್ತು ಸಲ ನೋಡೋರಂತೆ, ಹೈಡ್ರೋಸ್ ಬರಹಕ್ಕೆ ಬಂದಿದ್ದ ನಂಬರ್ ಮುಂದೆ ಪಾಕದ್ದು ಏನೇನೂ ಅಲ್ಲ, ಹಂಗಾಗಿ ಮತ್ತೆ ಗಲಾಟೆ ವಿಷ್ಯ ಬರೀಬೇಕು, ಬರ್ದ್ರೆ ಮನೇಲಿ ಮುಖ ಊದತ್ತೆ, ಇತ್ಲಾಗೂ ಇಲ್ಲ ಅತ್ಲಾಗೂ ಇಲ್ಲ. ಅವ್ರಿಗೆ 1973ರ ಒಂದು ಪ್ರಯೋಗ ಹೇಳ್ದೆ, ಮಾರ್ಕ್ ಲೆಪ್ಪರ್ ಮತ್ತಿಬ್ರು ಮಾಡಿದ್ದು, ಚಿತ್ರ ಬರಿಯೋಕೆ ಇಷ್ಟಪಡೋ ನರ್ಸರಿ ಮಕ್ಳಿಗೆ 'ಬರೆದ್ರೆ ಸರ್ಟಿಫಿಕೇಟ್ ಕೊಡ್ತೀವಿ' ಅಂತ ಮೊದ್ಲೇ ಹೇಳಿ ಬರೆಸಿದ್ರು, ಒಂದೆರಡು ವಾರ ಆದ್ಮೇಲೆ ಸುಮ್ನೆ ಬಿಟ್ಟಾಗ ಆ ಮಕ್ಳು ಉಳಿದೋರಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಹತ್ರ ಹೋದ್ವು. ಬಿ.ಎಡ್ ಮಾಡಿರೋರು, ತಕ್ಷಣ ಹಿಡ್ಕೊಂಡ್ರು, "ನಮ್ಮ ಸ್ಕೂಲಲ್ಲಿ ಸ್ಟಾರ್ ಹಾಕ್ತಿದ್ದೆ ಮೇಡಂ, ಸ್ಟಾರ್ ಮುಗೀತು ಅಂದ್ರೆ ಕಾಪಿ ಬರಿಯೋದೂ ಮುಗೀತಿತ್ತು." ಆ ನಂಬರ್ ಕಾಣೋ ಪುಟದ ಶಾರ್ಟ್‌ಕಟ್ಟನ್ನ ನನ್ನೆದುರಿಗೇ ಫೋನಿಂದ ತೆಗೆದ್ರು, ತಿಂಗಳಿಗೆ ಒಂದ್ಸಲ ನೋಡೋದು ಅಂತ ಮಾತಾಯ್ತು. ಎರಡು ಸಲ ತಪ್ಪಿದಾರೆ, ಪರ್ವಾಗಿಲ್ಲ.

ಗಂಡನ್ನ ಒಂದ್ಸಲ ಕರ್ಕೊಂಡು ಬನ್ನಿ ಅಂದಿದ್ದೆ, ಬಂದ್ರು, ಒಳ್ಳೆ ಮನುಷ್ಯ, ಕುರ್ಚಿ ತುದೀಲಿ ಕೂತಿದ್ರು. "ನೋಡಿ ಮೇಡಂ, ನಾನು ಬರೀಬ್ಯಾಡ ಅಂದೇ ಇಲ್ಲ." ಬರಿ ಅಂತ್ಲೂ ಅಂದಿಲ್ವಲ್ಲ ಅಂದೆ. ತಲೆ ಕೆರ್ಕೊಂಡ್ರು. ಹಾಕೋಕೆ ಮುಂಚೆ ಒಂದ್ಸಲ ನಂಗೆ ತೋರಿಸ್ಬಿಟ್ರೆ ಆಗಲ್ವಾ ಅಂತ ಅವ್ರ ವಾದ. ಇದು ನಂಗೆ ಒಪ್ಪಿಗೆ ಆಗ್ಲಿಲ್ಲ, ಇವತ್ತು ತೋರಿಸ್ಬೇಕು ಅಂತ ಶುರುವಾದದ್ದು ನಾಳೆ ಪರ್ಮಿಶನ್ ಆಗತ್ತೆ, ಆಮೇಲೆ ಭಾಗ್ಯ ಗಂಡನ ಮುಖ ನೋಡ್ಕೊಂಡೇ ಬರೀತಾರೆ. ಮಾತಾಡಿ ಮಾತಾಡಿ ಕೊನೆಗೆ ನಿಂತಿದ್ದು ಹಿಂಗೆ: ಅಡುಗೆ, ಹೊಲ, ನಮ್ಮನೆ ಕೆಲ್ಸದ ಬಗ್ಗೆ ಯಾರಿಗೂ ತೋರ್ಸೋದು ಬೇಡ. ಊರಿನೋರ ವ್ಯಾಪಾರಕ್ಕೆ ತಗುಲೋ ವಿಷ್ಯ ಆದ್ರೆ ಹಾಕೋಕೆ ಹಿಂದಿನ ದಿನ ಗಂಡಂಗೆ 'ಹಾಕ್ತಿದೀನಿ' ಅಂತ ತಿಳ್ಸೋದು, ಹಾಕ್ಲಾ ಅಂತ ಕೇಳೋದಲ್ಲ. ಫೋನ್ ಬಂದ್ರೆ ಮಾವನ ಹತ್ರ ಮಾತಾಡೋ ಜವಾಬ್ದಾರಿ ಗಂಡಂದು. ಇದಕ್ಕೆ ಅವ್ರು ಹೂಂ ಅನ್ನೋಕೆ ಸುಮಾರು ಹೊತ್ತು ತಗೊಂಡ್ರು.

ಆ ಹೈಡ್ರೋಸ್ ಬರಹಾನೂ ಕೂತು ಓದಿದ್ವಿ. ವಿಷ್ಯ ತಪ್ಪೇನಿಲ್ಲ. ಆದ್ರೆ 'ಕೆರೆ ಏರಿ ದಾಟಿದ್ ಮೇಲೆ ಸಿಗೋ ಆಲೆಮನೆ' ಅಂತ ಒಂದು ಲೈನ್ ಇತ್ತು, ಆ ಕಡೆ ಏರಿ ದಾಟಿದ್ರೆ ಇರೋದೇ ಒಂದಂತೆ! ಇನ್ನೊಂದು, ಆಲೆಮನೆಯೋರು ಹೈಡ್ರೋಸ್ ಯಾಕೆ ಹಾಕ್ತಾರೆ ಅನ್ನೋದೇ ಬರಹದಲ್ಲಿ ಇರ್ಲಿಲ್ಲ. ಕೊಳ್ಳೋರಿಗೆ ಹಳದಿ ಬೆಲ್ಲಾನೇ ಬೇಕು, ಕಪ್ಪಗಿರೋದಕ್ಕೆ ಮಾರ್ಕೆಟ್ಟಲ್ಲಿ ರೇಟ್ ಬೀಳತ್ತೆ, ಅದನ್ನ ಸೇರ್ಸಿದ್ರೆ ಓದೋರ ಪಾಲೂ ಅದ್ರಲ್ಲಿ ಬರತ್ತೆ, ಪಕ್ಕದೂರೋರ ಮೇಲೆ ಬೆರಳು ತೋರ್ಸಿದಂಗೆ ಆಗಲ್ಲ. ಇದು ಕೌನ್ಸೆಲಿಂಗಾ ಎಡಿಟಿಂಗಾ ಅಂತ ಯಾರಾದ್ರೂ ಕೇಳ್ಬೋದು, ಕೇಳ್ಲಿ ಬಿಡಿ.

ಈಗ ಹದಿನೈದು ದಿನಕ್ಕೊಂದು ಹಾಕ್ತಿದಾರೆ, ಒಂದೊಂದ್ಸಲ ತಿಂಗಳಿಗೊಂದು. ನೋಟ್‌ಬುಕ್ ಮಾತ್ರ ಬಹುತೇಕ ದಿನಾ ತೆಗೀತಾರಂತೆ, ಕೆಲವು ದಿನ ಬರೀ "ವಿದ್ಯುತ್ ಇಲ್ಲ, ಗಾಣ ನಿಂತಿದೆ" ಅಂತ ಒಂದೇ ಲೈನು. ಗಾಣಕ್ಕೆ ಬಿಡುವಿಲ್ದಿರೋ ತಿಂಗಳಲ್ಲಿ ಹಾಕೋದೇ ಬೇಡ, ಗುರುತು ಹಾಕ್ಕೊಂಡ್ರೆ ಸಾಕು ಅಂದಿದೀನಿ. ಮಾವ ಇನ್ನೂ ಅದ್ರ ಬಗ್ಗೆ ಬಾಯಿ ಬಿಟ್ಟಿಲ್ಲ. ಮುಂದಿನ ಭೇಟಿ ಗೌರಿ ಹಬ್ಬ ಕಳೆದ್ಮೇಲೆ, ಹೈಡ್ರೋಸ್ ಬರಹಾನ ತಿದ್ದಿ ಮತ್ತೆ ಹಾಕೋದಾ ಬೇಡ್ವಾ ಅನ್ನೋದನ್ನ ಅವತ್ತಿಗೆ ಇಟ್ಕೊಂಡಿದೀವಿ.