ಮಾವಶಿಯ ಲೋಟ, ಒಂದನೇ ತರಗತಿಯ ಬೆಂಚು

ಮಕ್ಕಳ ಆಪ್ತಸಮಾಲೋಚಕಿಯಾಗಿ ನಾನು ಕಂಡ ಈ ಪ್ರಕರಣದಲ್ಲಿ ಮಕ್ಕಳ ಹೆಸರು, ಮನೆಯವರ ಉದ್ಯೋಗದ ವಿವರ, ಬಡಾವಣೆ ಎಲ್ಲವನ್ನೂ ಬದಲಿಸಿದ್ದೇನೆ. ಊರನ್ನು ಮಾತ್ರ ಬದಲಿಸಿಲ್ಲ. ಇದು ಪುಣೆಯ ಪಶ್ಚಿಮ ಭಾಗ, ಹಿಂಜವಡಿಯ ಸುತ್ತಮುತ್ತ. ಇಲ್ಲಿ ಎರಡು ಬಗೆಯ ಕನ್ನಡಿಗರಿದ್ದಾರೆ. ಸಾಫ್ಟ್‌ವೇರ್ ಕಂಪನಿಗಳಿಗೆ ಬಂದವರು ಹನ್ನೆರಡನೆಯ ಮಹಡಿಯಲ್ಲಿ ಇರುತ್ತಾರೆ. ಅಂಥ ಮಹಡಿಗಳನ್ನು ಕಟ್ಟಲು ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರು ಪಕ್ಕದ ಸೈಟಿನ ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಇವರಿಬ್ಬರ ಮಕ್ಕಳು ಒಂದೇ ಬೆಂಚಿನ ಮೇಲೆ ಕೂರುವುದು ಸಾಧ್ಯವಾಗಿದ್ದರೆ ಅದು ಬಹುಮಟ್ಟಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ (ಆರ್‌ಟಿಇ). ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಕನಿಷ್ಠ ಶೇ. 25ರಷ್ಟು ಸೀಟುಗಳನ್ನು ದುರ್ಬಲ ಮತ್ತು ಅವಕಾಶವಂಚಿತ ವರ್ಗದ ಮಕ್ಕಳಿಗೆ ಕೊಡಬೇಕು ಎನ್ನುತ್ತದೆ ಆ ಕಾಯ್ದೆ. ಮಹಾರಾಷ್ಟ್ರದಲ್ಲಿ ಆ ಸೀಟುಗಳನ್ನು ಆನ್‌ಲೈನ್ ಲಾಟರಿಯಲ್ಲಿ ಹಂಚುತ್ತಾರೆ.

ಲಾಟರಿಯಲ್ಲಿ ಸೀಟು ಸಿಕ್ಕಿದ ಹುಡುಗ ಶರಣು, ಗೌಂಡಿ ಕೆಲಸದವರ ಮಗ. ಅದೇ ತರಗತಿಯಲ್ಲಿದ್ದವನು ಇಶಾನ್. ಇಶಾನ್‌ನ ತಾಯಿ ಮೈಸೂರಿನವರು, ತಂದೆ ತುಮಕೂರಿನವರು, ಇಬ್ಬರೂ ಐಟಿ ಉದ್ಯೋಗಿಗಳು. ಶರಣುವಿಗೆ ಇಂಗ್ಲಿಷ್ ಬಾರದು, ಮರಾಠಿ ಅರೆಬರೆ. ಇಶಾನ್ ಮನೆಯಲ್ಲಿ ಕನ್ನಡ ಮಾತನಾಡುತ್ತಾನೆ ಎಂಬುದು ತರಗತಿಯ ಶಿಕ್ಷಕಿಗೆ ಗೊತ್ತಿತ್ತು. ಇಬ್ಬರನ್ನೂ ಜೊತೆಗೆ ಕೂರಿಸಿದರೆ ಹೊಸ ಹುಡುಗನಿಗೆ ಆಸರೆಯಾಗುತ್ತದೆ ಎಂದು ಅವರು ಎಣಿಸಿದ್ದು ಸಹಜ.

ಆದದ್ದು ಬೇರೆ. ಇಶಾನ್ ಬೆಂಚಿನ ಅಂಚಿಗೆ ಸರಿದ. ಶರಣು ಮುಟ್ಟಿದ ನೀರಿನ ಬಾಟಲಿಯನ್ನು ಕರವಸ್ತ್ರದಿಂದ ಒರೆಸಿದ. ಊಟದ ಬಿಡುವಿನಲ್ಲಿ ಉಳಿದ ಮಕ್ಕಳಿಗೆ, "ಇವನ ಡಬ್ಬಿಯಿಂದ ಯಾರೂ ತಿನ್ನಬೇಡಿ" ಎಂದ. ಶಿಕ್ಷಕಿ ಗದರಿಸಿ, ಇಬ್ಬರನ್ನೂ ಎಲ್ಲರ ಮುಂದೆ ನಿಲ್ಲಿಸಿ, ಇಶಾನ್‌ನಿಂದ ಕ್ಷಮೆ ಕೇಳಿಸಿ, ಕೈ ಕುಲುಕಿಸಿದರು. ಮರುದಿನದಿಂದ ಶರಣುವಿನ ಪಕ್ಕದಲ್ಲಿ ಯಾರೂ ಕೂರಲು ಒಪ್ಪಲಿಲ್ಲ. ಯಾರ ಪಕ್ಕ ಕೂತರೆ ತೊಂದರೆ ಎಂಬುದು ಆ ಕ್ಷಮಾಪಣೆಯಿಂದ ಇಡೀ ತರಗತಿಗೆ ತಿಳಿದುಹೋಗಿತ್ತು. ಅವಮಾನ ಮಾಡಿದವನನ್ನೂ ಅವಮಾನಿತನನ್ನೂ ಒಂದೇ ವೇದಿಕೆಯ ಮೇಲೆ ನಿಲ್ಲಿಸುವ ಈ ಪದ್ಧತಿ ನಮ್ಮ ಶಾಲೆಗಳಿಂದ ಯಾವಾಗ ತೊಲಗುತ್ತದೋ! ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡಬಾರದು ಎಂದು ಅದೇ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ.

ಮುಖ್ಯೋಪಾಧ್ಯಾಯಿನಿ ಇಶಾನ್‌ನ ತಂದೆ ತಾಯಿಯನ್ನು ನನ್ನಲ್ಲಿಗೆ ಕಳುಹಿಸಿದರು. ತಾಯಿ ಬಂದಾಗಲೇ ಅತ್ತಿದ್ದರು. "ಮೇಡಂ, ನಮ್ಮ ಮನೆಯಲ್ಲಿ ಜಾತಿಯ ಮಾತೇ ಬರುವುದಿಲ್ಲ. ಇವನು ಇದನ್ನು ಎಲ್ಲಿ ಕಲಿತ?" ತಂದೆಗೆ ಸಿಟ್ಟು. "ಆರು ವರ್ಷದ ಮಗು, ಅದಕ್ಕೆ ಏನು ತಿಳಿಯುತ್ತದೆ? ಶಾಲೆಯವರು ಕಡ್ಡಿಯನ್ನು ಗುಡ್ಡ ಮಾಡುತ್ತಿದ್ದಾರೆ." ತಾಯಿಯ ಪ್ರಶ್ನೆಯಲ್ಲಿ ಪ್ರಾಮಾಣಿಕತೆ ಇತ್ತು. ತಂದೆಯ ಎಣಿಕೆ ಮಾತ್ರ ನಿಜವಲ್ಲ. ಮೂರು ನಾಲ್ಕು ವರ್ಷಕ್ಕೇ ಮಕ್ಕಳು ಜನರನ್ನು ಗುಂಪು ಮಾಡಿ ನೋಡತೊಡಗುತ್ತವೆ. ಪರರ ಗುಂಪಿನ ಬಗೆಗಿನ ಪೂರ್ವಗ್ರಹ ಐದು-ಏಳು ವರ್ಷದ ವಯಸ್ಸಿನ ತನಕ ಹೆಚ್ಚುತ್ತಾ ಹೋಗಿ ಆಮೇಲೆ ಸ್ವಲ್ಪ ಇಳಿಯುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದ ಸಂಗತಿ. ಒಂದನೇ ತರಗತಿ ಎಂದರೆ ಆ ಏರಿನ ತುದಿಯ ಹತ್ತಿರವೇ.

ಇಶಾನ್‌ನ ಜೊತೆ ನಾನು ಶಾಲೆಯ ವಿಷಯ ಎತ್ತಲಿಲ್ಲ. ನನ್ನ ಕೋಣೆಯಲ್ಲಿ ಅಡುಗೆಮನೆಯ ಆಟಿಕೆಗಳಿವೆ. ಮನೆಯವರಿಗೆಲ್ಲ ಚಹಾ ಮಾಡಿಕೊಡು ಎಂದೆ. ಅಪ್ಪನಿಗೊಂದು, ಅಮ್ಮನಿಗೊಂದು, ಅಜ್ಜಿಗೊಂದು, ತನಗೆ ಹಾಲು. ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿದ. ಇನ್ನೊಂದು ಲೋಟವನ್ನು ತೆಗೆದುಕೊಂಡು ಹೋಗಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಅದು ಯಾರದು ಎಂದು ಕೇಳಿದೆ. "ಮಾವಶಿಯದು" ಎಂದ. ಪುಣೆಯಲ್ಲಿ ಮನೆಗೆಲಸದ ಹೆಂಗಸರನ್ನು ಎಲ್ಲರೂ ಕರೆಯುವುದು ಹಾಗೆಯೇ. ಅಲ್ಲೇಕೆ ಇಟ್ಟೆ ಎಂದರೆ, "ಅದು ಅಲ್ಲೇ ಇರುವುದು" ಎಂದ. ಮಾತು ಹೇಗೋ ಶರಣುವಿನ ಕಡೆಗೆ ಹೊರಳಿತು. "ಅವನು ಮಾವಶಿಯ ಹಾಗೆ ಮಾತನಾಡುತ್ತಾನೆ."

ಮನೆಗೆಲಸದ ಆ ಹೆಂಗಸು ಕಲಬುರಗಿ ಜಿಲ್ಲೆಯವರು. ಹುಡುಗನ ತರ್ಕದಲ್ಲಿ ಎಲ್ಲಿಯೂ ಎಡವಟ್ಟಿಲ್ಲ: ಹೀಗೆ ಮಾತನಾಡುವವರ ಲೋಟ ಬೇರೆ ಇರುತ್ತದೆ, ಇವನೂ ಹೀಗೆ ಮಾತನಾಡುತ್ತಾನೆ. ಅವನಿಗೆ ಯಾರೂ ಒಂದು ಕೆಟ್ಟ ಮಾತನ್ನೂ ಹೇಳಿಕೊಟ್ಟಿರಲಿಲ್ಲ. ಮನೆಯ ಪಾತ್ರೆಗಳು ಎಲ್ಲೆಲ್ಲಿ ಇರುತ್ತವೆ ಎಂಬುದನ್ನು ನೋಡಿ ಅವನೇ ಓದಿಕೊಂಡಿದ್ದ.

ಇದನ್ನು ತಾಯಿಗೆ ಹೇಳಿದಾಗ ಮೊದಲು ಬಂದ ಉತ್ತರ ಶುಚಿತ್ವದ್ದು. ನಂತರ, "ಅತ್ತೆಯವರು ಬಂದಾಗ ಶುರುವಾದದ್ದು, ಹಾಗೇ ಉಳಿಯಿತು" ಎಂದರು. ಅವರನ್ನು ನಾಚಿಸುವುದು ನನ್ನ ಉದ್ದೇಶವಾಗಿರಲಿಲ್ಲ. ನಾಚಿಕೊಂಡ ತಾಯಂದಿರು ಮನೆಗೆ ಹೋಗಿ ಮಗುವಿಗೆ ದೊಡ್ಡ ಉಪದೇಶ ಮಾಡುತ್ತಾರೆ, ಲೋಟ ಮಾತ್ರ ಕಿಟಕಿಯಲ್ಲೇ ಇರುತ್ತದೆ.

ಹಾಗಾಗಿ ಮೊದಲ ಸಲಹೆ, ಉಪದೇಶ ಬೇಡ, ವ್ಯವಸ್ಥೆ ಬದಲಾಗಲಿ. ಲೋಟಗಳೆಲ್ಲ ಒಂದೇ ಕಪಾಟಿಗೆ ಬರಲಿ. ಮಾವಶಿ ಚಹಾ ಕುಡಿಯುವಾಗ ಕುರ್ಚಿಯ ಮೇಲೆ ಕೂರುವ ಅವಕಾಶವಿರಲಿ, ಆದರೆ ಕೂರಲೇಬೇಕೆಂಬ ಒತ್ತಾಯ ಬೇಡ. ಅವರಿಗೆ ಇದು ಮುಜುಗರವಾಗಬಹುದು, ಕೆಲಸ ಬಿಡಿಸುವ ಮುನ್ಸೂಚನೆಯೋ ಎಂಬ ಅನುಮಾನವೂ ಬರಬಹುದು. ಕಾರಣವನ್ನು ಅವರಿಗೆ ನೇರವಾಗಿ ಹೇಳಿಬಿಡಿ. ಮಗ ಕೇಳಿಯೇ ಕೇಳುತ್ತಾನೆ. ಆಗ ಒಂದೇ ಸಾಲು ಸಾಕು: "ನಾವು ಮಾಡುತ್ತಿದ್ದುದು ತಪ್ಪು, ಬದಲಾಯಿಸಿದೆವು." ಅತ್ತೆಯವರ ಜೊತೆ ಮಾತನಾಡುವ ಹೊಣೆಯನ್ನು ನಾನು ತಂದೆಗೆ ವಹಿಸಿದೆ. ತಾಯಿಯೊಂದಿಗೆ ಮಾತನಾಡಬೇಕಾದವನು ಮಗ, ಸೊಸೆಯಲ್ಲ. ಇದನ್ನು ಕೇಳಿದಾಗ ಅವರ ಸಿಟ್ಟು ಮಾಯವಾಗಿ ಆತಂಕ ಮುಖದ ಮೇಲೆ ಬಂತು.

ತಾಯಿ ಶರಣುವಿಗೆ ಹೊಸ ಶಾಲಾ ಚೀಲ ಮತ್ತು ಬಣ್ಣದ ಪೆನ್ಸಿಲ್ ಕಳುಹಿಸಬೇಕೆಂದಿದ್ದರು. ಬೇಡವೆಂದೆ. 'ಅಯ್ಯೋ ಪಾಪ' ಎನ್ನುವುದನ್ನು ಮಗು ಕಲಿತರೆ ಮೇಲು ಕೀಳು ಹಾಗೆಯೇ ಉಳಿಯುತ್ತದೆ, ದನಿ ಮಾತ್ರ ಮೃದುವಾಗುತ್ತದೆ. ಅದಕ್ಕಿಂತ ಮಗ ಕೇಳುವ ಪ್ರಶ್ನೆಗಳಿಗೆ ನಿಜವಾದ ಉತ್ತರ ಕೊಡಿ. "ಶರಣು ತಗಡಿನ ಮನೆಯಲ್ಲಿ ಏಕೆ ಇದ್ದಾನೆ?" ಎಂದು ಇಶಾನ್ ಕೇಳಿದ್ದಾಗ ಅವರು "ಶ್, ಹಾಗೆಲ್ಲ ಕೇಳಬಾರದು" ಎಂದಿದ್ದರಂತೆ. ಹಾಗೆ ಸುಮ್ಮನಾಗಿಸಿದಾಗ ಶೆಡ್ಡಿನಲ್ಲಿರುವುದು ಹೇಳಲಾಗದಷ್ಟು ಕೆಟ್ಟದ್ದು ಎಂದು ಮಗು ತಿಳಿಯುತ್ತದೆ. ಹೇಳಬೇಕಾದದ್ದು ಇಷ್ಟೇ: ಅವನ ಅಪ್ಪ ಅಮ್ಮ ಕಟ್ಟಡ ಕಟ್ಟುತ್ತಾರೆ, ಕಟ್ಟುವವರೆಗೆ ಅಲ್ಲೇ ಇರುತ್ತಾರೆ, ಮುಗಿದ ಮೇಲೆ ಇನ್ನೊಂದು ಕಡೆಗೆ ಹೋಗುತ್ತಾರೆ. ಅವರಿಗೆ ಸಿಗುವ ಕೂಲಿಯಲ್ಲಿ ನಮ್ಮಂಥ ಮನೆ ಕೊಳ್ಳಲು ಆಗುವುದಿಲ್ಲ. ಅದು ಸರಿಯೇ ಎಂದು ಅವನು ಕೇಳಿದರೆ, ಸರಿಯಲ್ಲ ಎನ್ನಿ. ಆರು ವರ್ಷದವರಿಗೆ ನ್ಯಾಯ ಅನ್ಯಾಯದ ವಿಷಯ ನಮಗಿಂತ ಚುರುಕಾಗಿ ಅರ್ಥವಾಗುತ್ತದೆ, ಲಡ್ಡು ಹಂಚುವಾಗ ನೋಡಿ.

ಶಾಲೆಯ ಅನುಮತಿ ಪಡೆದು ಶರಣುವಿನ ತಾಯಿಯನ್ನೂ ಭೇಟಿಯಾದೆ. "ಬಾಟಲಿ ತುಂಬಿದ್ದು ತುಂಬಿದ ಹಾಗೆಯೇ ವಾಪಸ್ ತರುತ್ತಾನೆ ಅಕ್ಕಾ" ಎಂದರು. ಅವನು ಶಾಲೆಯಲ್ಲಿ ನೀರು ಕುಡಿಯುವುದನ್ನೇ ನಿಲ್ಲಿಸಿದ್ದ. ಎಲ್ಲರೂ ಇಶಾನ್‌ನನ್ನು ತಿದ್ದುವ ಗಡಿಬಿಡಿಯಲ್ಲಿದ್ದಾಗ ಇದನ್ನು ಗಮನಿಸಿದವರು ಅವರೊಬ್ಬರೇ. ತರಗತಿಯಲ್ಲಿ ಮಾಡಬೇಕಾದ ಮೊದಲ ಕೆಲಸ ಅಲ್ಲಿಯೇ ಇತ್ತು. ಗಂಟೆಗೊಮ್ಮೆ ಶಿಕ್ಷಕಿಯೂ ಸೇರಿ ಇಡೀ ತರಗತಿ ಒಟ್ಟಿಗೆ ನೀರು ಕುಡಿಯುವ ನಿಯಮ ಬರಲಿ, ಯಾರ ಹೆಸರನ್ನೂ ಎತ್ತುವುದು ಬೇಡ ಎಂದು ಶಿಕ್ಷಕಿಗೆ ಹೇಳಿದೆ.

ಶಿಕ್ಷಕಿಯೊಂದಿಗೆ ನಡೆದ ಮಾತುಕತೆ ದೀರ್ಘವಾಗಿತ್ತು. ಅವರು ಒಳ್ಳೆಯ ಶಿಕ್ಷಕಿ. ಆದರೆ ಪುಸ್ತಕ ಹಂಚುವಾಗ, ಅರ್ಜಿ ತುಂಬಿಸುವಾಗ "ಆರ್‌ಟಿಇ ಮಕ್ಕಳು ಎದ್ದು ನಿಲ್ಲಿ" ಎನ್ನುವುದು ಅವರಿಗೆ ಅಭ್ಯಾಸವಾಗಿತ್ತು. ಅದರಲ್ಲಿ ತಿರಸ್ಕಾರವೇನೂ ಇರಲಿಲ್ಲ. ಅಮೆರಿಕದ ಮನೋವಿಜ್ಞಾನಿ ರೆಬೆಕ್ಕಾ ಬಿಗ್ಲರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಅವರಿಗೆ ವಿವರಿಸಿದೆ. ಬೇಸಿಗೆ ಶಾಲೆಯೊಂದರಲ್ಲಿ ಮಕ್ಕಳಿಗೆ ಹಳದಿ ಮತ್ತು ನೀಲಿ ಟಿ-ಶರ್ಟ್ ತೊಡಿಸಲಾಗಿತ್ತು. ಕೆಲವು ತರಗತಿಗಳಲ್ಲಿ ಶಿಕ್ಷಕರು ಬಣ್ಣದ ಪ್ರಕಾರ ಕೂರಿಸಿದರು, ಸಾಲು ನಿಲ್ಲಿಸಿದರು. ಯಾವ ಬಣ್ಣವನ್ನೂ ಹೊಗಳಲಿಲ್ಲ, ತೆಗಳಲಿಲ್ಲ. ಆದರೂ ಆ ತರಗತಿಗಳ ಮಕ್ಕಳು ತಮ್ಮ ಬಣ್ಣದವರೇ ಹೆಚ್ಚು ಒಳ್ಳೆಯವರು ಎನ್ನತೊಡಗಿದರು. ಶಿಕ್ಷಕರು ಬಣ್ಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ತರಗತಿಗಳಲ್ಲಿ ಹಾಗಾಗಲಿಲ್ಲ. "ಎದ್ದು ನಿಲ್ಲಿ" ಎಂಬ ಮಾತು ಬರಿಯ ಆಡಳಿತದ ಮಾತಾಗಿ ಉಳಿಯುವುದಿಲ್ಲ. ಈ ಮಕ್ಕಳನ್ನು ತರಗತಿಯಲ್ಲಿ ಬೇರ್ಪಡಿಸಬಾರದು, ಪಠ್ಯಪುಸ್ತಕ ಸಮವಸ್ತ್ರದ ವಿಷಯದಲ್ಲಿ ತಾರತಮ್ಯ ಮಾಡಬಾರದು ಎಂದು ಕಾಯ್ದೆಯ 2010ರ ಮಾದರಿ ನಿಯಮಗಳೂ ಹೇಳುತ್ತವೆ. ಆ ಪಟ್ಟಿ ಕಚೇರಿಯಲ್ಲಿರಲಿ, ತರಗತಿಗೆ ಬರುವುದು ಬೇಡ.

ಬೆಂಚಿನ ಜೋಡಿಗಳನ್ನು ವಾರಕ್ಕೊಮ್ಮೆ ಚೀಟಿ ಎತ್ತಿ ನಿರ್ಧರಿಸಲು ಹೇಳಿದೆ. ಜೊತೆಗೆ ಹತ್ತು ನಿಮಿಷದ ಒಂದು ಆಟ. ತಂಗಿ ಇರುವವರು ಈ ಮೂಲೆಗೆ, ಇಲ್ಲದವರು ಆ ಮೂಲೆಗೆ. ಈಗ ಹಾಗಲಕಾಯಿ ತಿನ್ನುವವರು ಇಲ್ಲಿ, ನಾಯಿಗೆ ಹೆದರುವವರು ಅಲ್ಲಿ. ಪ್ರತಿ ಸಲ ಗುಂಪು ಒಡೆದು ಬೇರೆ ಗುಂಪಾಗುತ್ತದೆ. ಒಬ್ಬ ಮನುಷ್ಯನನ್ನು ಒಂದೇ ಸಮಯಕ್ಕೆ ಹಲವು ರೀತಿಯಲ್ಲಿ ವಿಂಗಡಿಸಬಹುದು ಎಂಬುದು ಈ ವಯಸ್ಸಿನವರಿಗೆ ತಾನಾಗಿ ಹೊಳೆಯುವುದಿಲ್ಲ, ಅಭ್ಯಾಸ ಮಾಡಿಸಿದರೆ ಬರುತ್ತದೆ. ಬಂದಷ್ಟೂ ಅಚ್ಚುಕಟ್ಟಾದ ತೀರ್ಪುಗಳು ಸಡಿಲವಾಗುತ್ತವೆ.

ಶಿಕ್ಷಕಿ ಉತ್ಸಾಹದಿಂದ, ಶರಣುವಿನಿಂದ ಕಟ್ಟಡ ಕೆಲಸದ ಬಗ್ಗೆ ಮಾತನಾಡಿಸೋಣವೇ, 'ವೈವಿಧ್ಯದ ದಿನ' ಮಾಡಿ ಮಕ್ಕಳಿಗೆ ಒಂದೊಂದು ರಾಜ್ಯದ ವೇಷ ಹಾಕಿಸೋಣವೇ ಎಂದರು. ಎರಡೂ ಬೇಡ ಎಂದೆ. ಅಪ್ಪನ ಕಸುಬನ್ನು ಹುಡುಗನ ಹಣೆಗೆ ಅಂಟಿಸಬಾರದು. ಅವನು ಜಿಗ್‌ಸಾ ಜೋಡಿಸುವುದರಲ್ಲಿ ಚುರುಕಾಗಿದ್ದರೆ ಆ ಹೆಸರೇ ಬರಲಿ. ವೇಷದ ದಿನದ ವಿಷಯದಲ್ಲಿ ನನಗೆ ತಕರಾರೇ ಇದೆ. ಬಾಡಿಗೆಯ ಉಡುಪು ಸಂಜೆಗೆ ಅಂಗಡಿಗೆ ಮರಳುತ್ತದೆ, ಜೋಳದ ರೊಟ್ಟಿಯ ಡಬ್ಬಿ ಮರುದಿನವೂ ಒಂಟಿಯಾಗಿಯೇ ತೆರೆಯುತ್ತದೆ. ಶಿಕ್ಷಕಿ ತಾವೇ ದಿನವೂ ರೊಟ್ಟಿಯಂಥದೇ ಆದ ಭಾಕರಿ ತರುತ್ತಾರೆ. ಅದನ್ನು ಸ್ಟಾಫ್ ರೂಮಿನಲ್ಲಿ ತಿನ್ನುವ ಬದಲು ಆಗಾಗ ಮಕ್ಕಳ ಜೊತೆ ಕೂತು ತಿನ್ನಿ ಎಂದೆ.

ಇಶಾನ್ ಮತ್ತೆ ಕ್ಷಮೆ ಕೇಳಬೇಕೇ? ಮಾತಿನಲ್ಲಿ ಬೇಡ. "ಯಾರೂ ತಿನ್ನಬೇಡಿ" ಎಂದು ಅವನು ಹೇಳಿದ್ದನ್ನು ಅವನೇ ಹಿಂತೆಗೆಯಬೇಕು, ಹೇಗೆ ಎಂದು ಅವನನ್ನೇ ಕೇಳಿ ಎಂದೆ. ಒಂದಷ್ಟು ಯೋಚಿಸಿ, "ನಾನು ಮೊದಲು ತಿನ್ನುತ್ತೇನೆ" ಎಂದನಂತೆ. ತಿಂದನೋ, ಶರಣು ಕೊಟ್ಟನೋ ಎಂಬುದನ್ನು ವಿಚಾರಿಸಬಾರದು ಎಂದು ಶಿಕ್ಷಕಿಗೆ ತಾಕೀತು ಮಾಡಿದ್ದೇನೆ. ಕೊಡುವುದು ಬಿಡುವುದು ಶರಣುವಿನ ಹಕ್ಕು.

ನಂತರ ಇಶಾನ್‌ನ ತಾಯಿ ಫೋನ್ ಮಾಡಿದರು. ಲೋಟಗಳು ಒಂದೇ ಕಪಾಟಿಗೆ ಬಂದಿವೆ. ಅತ್ತೆ ಮಾತ್ರ ತಮ್ಮ ಲೋಟವನ್ನು ದೇವರ ಕೋಣೆಗೆ ಒಯ್ದಿಟ್ಟುಕೊಂಡಿದ್ದಾರೆ. ಈಗ ಇಶಾನ್, "ಅಜ್ಜಿಯದು ತಪ್ಪಲ್ಲವೇ?" ಎಂದು ಎಲ್ಲರ ಎದುರು ಕೇಳುತ್ತಾನೆ. "ಏನು ಹೇಳಲಿ?" ಎಂದರು. ಮುಚ್ಚಿಡಬೇಡಿ, ಅಜ್ಜಿಯನ್ನು ಮೊಮ್ಮಗನ ಕಟಕಟೆಯಲ್ಲಿ ನಿಲ್ಲಿಸಲೂಬೇಡಿ ಎಂದೆ. "ಅಜ್ಜಿಗೆ ಚಿಕ್ಕಂದಿನಲ್ಲಿ ಹಾಗೆ ಕಲಿಸಿದ್ದರು. ನಾವು ಅದನ್ನು ಒಪ್ಪುವುದಿಲ್ಲ. ಅಜ್ಜಿಯ ಜೊತೆ ಅಪ್ಪ ಮಾತನಾಡುತ್ತಾರೆ." ಕೊನೆಯ ವಾಕ್ಯವನ್ನು ಹೇಳುವಾಗ ಅಪ್ಪನೂ ಕೋಣೆಯಲ್ಲಿರಲಿ ಎಂದು ಸೇರಿಸಿದೆ.