ಸೋಲ್ತಿರೋ ಕೋಚ್‌ನ ಇಟ್ಕೋಬೇಕಾ, ಕಳಿಸ್ಬೇಕಾ?

ಪ್ರಶ್ನೆ: ಸರ್ ನಮಸ್ಕಾರ. ನಾವು ಟ್ಯಾಲಹಾಸಿಗೆ ಬಂದು ಆರು ವರ್ಷ ಆಯ್ತು, ಮಗಳು ಇಲ್ಲೇ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದ್ತಿದಾಳೆ. ಬಂದ ಹೊಸದ್ರಲ್ಲಿ ಈ ಅಮೆರಿಕನ್ ಫುಟ್‌ಬಾಲ್‌ನ ತಲೆಬುಡ ಗೊತ್ತಿರ್ಲಿಲ್ಲ, ಬಾಲ್ ಕೈಯಲ್ಲಿ ಹಿಡ್ಕೊಂಡು ಓಡ್ತಾರೆ ಅದಕ್ಯಾಕೆ ಫುಟ್‌ಬಾಲ್ ಅಂತಾರೋ ಅಂತ ನಗ್ತಿದ್ದೆ, ಈಗ ಶನಿವಾರ ಬಂದ್ರೆ ಮಧ್ಯಾಹ್ನದ ಅಡುಗೆ ಬೇಗ ಮುಗಿಸಿ ಟಿವಿ ಮುಂದೆ ಕೂರೋಳು ನಾನೇ. 2023ರಲ್ಲಿ ಸಾಲಾಗಿ 13 ಮ್ಯಾಚ್ ಗೆದ್ದಿದ್ದ ಅವಳ ಯೂನಿವರ್ಸಿಟಿ ಟೀಮು 2024ರಲ್ಲಿ ಬರೀ 2 ಗೆದ್ದು 10 ಸೋಲ್ತು. 2025ರಲ್ಲಿ 5 ಗೆಲುವು 7 ಸೋಲು. ಆದ್ರೂ ಕೋಚ್ ಮೈಕ್ ನಾರ್ವೆಲ್‌ನೇ ಮುಂದುವರಿಸ್ತೀವಿ ಅಂದ್ಬಿಟ್ರು. ನಮ್ಮ ಯಜಮಾನ್ರು "ಕಳಿಸೋಕೆ ದುಡ್ಡಿಲ್ಲ, ಅದಕ್ಕೇ ಇಟ್ಕೊಂಡಿದಾರೆ" ಅಂತಾರೆ, ಮಗಳು "ಇನ್ನೊಂದು ಚಾನ್ಸ್ ಕೊಟ್ರೆ ಏನಮ್ಮಾ" ಅಂತಾಳೆ. ಯಾರು ಸರಿ?

ಉತ್ತರ: ಮೇಡಂ, ಯಜಮಾನ್ರು ಮುಕ್ಕಾಲು ಪಾಲು ಸರಿ, ಆದ್ರೆ ಮಗಳ ಮಾತನ್ನೂ ಸುಮ್ನೆ ತಳ್ಳಿಹಾಕೋ ಹಾಗಿಲ್ಲ, ಯಾಕೆ ಅಂತ ಹೇಳ್ತೀನಿ.

ಮೊದ್ಲು ದುಡ್ಡಿನ ವಿಷ್ಯ. ಒಪ್ಪಂದದ ಮಧ್ಯದಲ್ಲಿ ಕೋಚ್‌ನ ಮನೆಗೆ ಕಳಿಸಿದ್ರೆ ಉಳಿದ ವರ್ಷಗಳ ಸಂಬಳದಲ್ಲಿ ದೊಡ್ಡ ಪಾಲು ಕೊಟ್ಟೇ ಕಳಿಸ್ಬೇಕು, ಅದಕ್ಕೆ ಬೈಔಟ್ ಅಂತಾರೆ. 2025ರ ಕೊನೇಲಿ ನಾರ್ವೆಲ್‌ದು 5 ಕೋಟಿ ಡಾಲರ್‌ಗೂ ಮೇಲಿತ್ತು. ನಮ್ಮ ರೂಪಾಯಿ ಲೆಕ್ಕದಲ್ಲಿ ಸುಮಾರು 450 ಕೋಟಿ, ಅದೂ ಕೆಲಸ ಮಾಡ್ಬೇಡಪ್ಪಾ ಅಂತ ಹೇಳೋದಕ್ಕೆ! ಇಷ್ಟು ದೊಡ್ಡ ಮೊತ್ತ ಹೆಂಗಾಯ್ತು ಅಂದ್ರೆ, 2023ರ ಸೀಸನ್ ನೆನಪಿದ್ಯಲ್ಲ, 13-0, ಅಂದ್ರೆ 13 ಗೆಲುವು ಸೊನ್ನೆ ಸೋಲು, ಆಗಿದ್ರೂ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ನಾಲ್ಕು ಟೀಮಿನ ಪ್ಲೇಆಫ್‌ಗೆ ತಗೊಳ್ಲಿಲ್ಲ, ಬಾಲ್ ಎಸೆದು ಆಟ ನಡೆಸೋ ಕ್ವಾರ್ಟರ್‌ಬ್ಯಾಕ್ ಜಾರ್ಡನ್ ಟ್ರಾವಿಸ್ ಕಾಲು ಮುರ್ಕೊಂಡಿದ್ದೇ ಕಾರಣ ಆಯ್ತು, ಊರೆಲ್ಲಾ ಕೊತಕೊತ ಅಂತಿತ್ತು, ಅದೇ ಹೊತ್ತಿಗೆ 2024ರ ಜನವರಿಯಲ್ಲಿ ಅಲಬಾಮಾದ ಕೋಚ್ ನಿಕ್ ಸೇಬನ್ ರಿಟೈರ್ ಆದ್ರು, ಆ ಜಾಗಕ್ಕೆ ನಾರ್ವೆಲ್ ಹೆಸರೂ ಓಡಾಡ್ತು. ಎಲ್ಲಿ ಹೊರಟೋಗ್ತಾನೋ ಅಂತ ಹೆದರಿ ಎಂಟು ವರ್ಷದ ಹೊಸ ಒಪ್ಪಂದ, ಸರಾಸರಿ ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಜಾಸ್ತಿ. ಅದೇ ವರ್ಷ ಆಗಸ್ಟ್‌ನಲ್ಲಿ ಐರ್ಲೆಂಡ್‌ನ ಡಬ್ಲಿನ್‌ಗೆ ಹೋಗಿ ಜಾರ್ಜಿಯಾ ಟೆಕ್ ಹತ್ರ 24-21ಕ್ಕೆ ಸೋತು ಬಂದ್ರು, ಅಲ್ಲಿಂದ ಶುರುವಾದ ಜಾರುಬಂಡೆ 2025ರ ಕೊನೇ ತನಕ ನಿಲ್ಲಲಿಲ್ಲ.

ಸರಿ, ಆಟದ ವಿಷ್ಯಕ್ಕೆ ಬರೋಣ. ಇಟ್ಕೊಂಡು ಗೆದ್ದವರ ಕಥೆ ಕೇಳಿದ್ರೆ ಎಲ್ರೂ ಹೇಳೋದು ಒಂದೇ ಹೆಸರು, ವರ್ಜೀನಿಯಾ ಟೆಕ್‌ನ ಫ್ರಾಂಕ್ ಬೀಮರ್. 1987ರಲ್ಲಿ ಬಂದ್ರು, ಮೊದಲ ಆರು ವರ್ಷದಲ್ಲಿ 24 ಗೆಲುವು, 40 ಸೋಲು, 2 ಡ್ರಾ. ಆರನೇ ವರ್ಷ, 1992ರಲ್ಲಿ, ಬರೀ 2 ಗೆಲುವು. ಈ ಕಾಲದಲ್ಲಾಗಿದ್ರೆ ಮೂರನೇ ವರ್ಷಕ್ಕೇ ಪೆಟ್ಟಿಗೆ ಕಟ್ಟಿಸ್ತಿದ್ರು. ಆದ್ರೆ ಅಲ್ಲಿನ ಅಥ್ಲೆಟಿಕ್ ಡೈರೆಕ್ಟರ್, ಅಂದ್ರೆ ಕ್ರೀಡಾ ವಿಭಾಗದ ಮುಖ್ಯಸ್ಥ, ಡೇವ್ ಬ್ರೇನ್ ಇಟ್ಕೊಂಡ್ರು. ಮಾರನೇ ವರ್ಷ 9-3, ಅಲ್ಲಿಂದ 2015ರಲ್ಲಿ ರಿಟೈರ್ ಆಗೋ ತನಕ ಸತತ 23 ವರ್ಷ ಬೌಲ್ ಮ್ಯಾಚ್ (ಚೆನ್ನಾಗಿ ಆಡಿದ ಟೀಮುಗಳಿಗೆ ಸೀಸನ್ ಕೊನೇಲಿ ಸಿಗೋ ವಿಶೇಷ ಮ್ಯಾಚ್), ಮಧ್ಯದಲ್ಲಿ 1999ರ ಸೀಸನ್‌ನಲ್ಲಿ ಮೈಕಲ್ ವಿಕ್ ಅನ್ನೋ ಹುಡುಗನ್ನ ಇಟ್ಕೊಂಡು ನ್ಯಾಷನಲ್ ಫೈನಲ್‌ಗೂ ಹೋದ್ರು. ಅಲ್ಲಿ ಸೋತಿದ್ದು ಯಾರಿಗೆ ಹೇಳಿ? ನಿಮ್ಮ ಫ್ಲೋರಿಡಾ ಸ್ಟೇಟ್‌ಗೇ, 46-29.

ಎಲ್ಲಾ ಊರಲ್ಲೂ ಸೋತ ಕೋಚ್‌ನ ಪರ ಮಾತಾಡೋರು ಈ ಬೀಮರ್ ಕಥೇನೇ ಎತ್ಕೊಂಡು ಬರ್ತಾರೆ, ಆದ್ರೆ ಪೂರ್ತಿ ಹೇಳಲ್ಲ. ಅವರು ಬಂದಾಗ ಹಿಂದಿನ ಕೋಚ್ ಕಾಲದ ತಪ್ಪಿಗೆ ಎನ್‌ಸಿಎಎ, ಅಂದ್ರೆ ಕಾಲೇಜು ಆಟಗಳನ್ನ ನೋಡ್ಕೊಳ್ಳೋ ಸಂಸ್ಥೆ, ಸ್ಕಾಲರ್‌ಶಿಪ್ ಕಡಿತ ಮಾಡಿತ್ತು, ಅಂದ್ರೆ ಬೇರೆಯವರಿಗಿಂತ ಕಮ್ಮಿ ಹುಡುಗ್ರನ್ನ ಇಟ್ಕೊಂಡು ಆಡ್ಬೇಕಿತ್ತು. ಸೋಲಿಗೆ ಕಣ್ಣಿಗೆ ಕಾಣೋ ಕಾರಣ ಇತ್ತು, ಆ ಕಾರಣ ಕಾಲ ಕಳೆದಂಗೆ ಹೋಗೋಂಥದ್ದು. ಎರಡನೇದು, 1992 ಆದ್ಮೇಲೆ ಅವರು ಅಸಿಸ್ಟೆಂಟ್‌ಗಳನ್ನ ಬದಲಾಯಿಸಿದ್ರು, ಡಿಫೆನ್ಸ್ ನೋಡ್ಕೊಳ್ಳೋಕೆ ಹೊಸಬರು ಬಂದ್ರು, ಆಟದ ರೀತಿನೇ ಬೇರೆ ಆಯ್ತು. ಈ ಎರಡೂ ಇಲ್ದೆ ಬರೀ ತಾಳ್ಮೆ ಅಂದ್ರೆ ಅದು ತಾಳ್ಮೆ ಅಲ್ಲ, ಸೋಮಾರಿತನ.

ಈಗ ಇನ್ನೊಂದು ಕಡೆ ನೋಡಿ. ನೆಬ್ರಾಸ್ಕಾ. ಇದನ್ನ ನಾನು ಹತ್ರದಿಂದ ನೋಡಿದೀನಿ, ಆಗ ಆ ಯೂನಿವರ್ಸಿಟಿ ಇರೋ ಊರು ಲಿಂಕನ್‌ನಲ್ಲೇ ಇದ್ದೆ. ಸ್ಕಾಟ್ ಫ್ರಾಸ್ಟ್ ಅದೇ ಮಣ್ಣಿನ ಮಗ, 1997ರ ಚಾಂಪಿಯನ್ ಟೀಮಿನ ಕ್ವಾರ್ಟರ್‌ಬ್ಯಾಕ್, ಕೋಚ್ ಆಗಿ ಸೆಂಟ್ರಲ್ ಫ್ಲೋರಿಡಾದಲ್ಲಿ 13-0 ಮಾಡಿ ಬಂದಿದ್ರು, ಏರ್‌ಪೋರ್ಟಿಂದ ಹಾರ ಹಾಕಿ ಕರ್ಕೊಂಡು ಬರೋದೊಂದು ಬಾಕಿ. 2018ರಲ್ಲಿ 4-8, ಆಮೇಲೆ 5-7, 3-5, 2021ರಲ್ಲಿ 3-9. ಆ 9 ಸೋಲೂ 10 ಪಾಯಿಂಟ್‌ನೊಳಗಿನ ಸೋಲು. ಅದೇ ನೋಡಿ ಬಲೆ. "ಅಯ್ಯೋ ಒಂದಿಷ್ಟು ಲಕ್ ಇದ್ದಿದ್ರೆ ಗೆದ್ಬಿಡ್ತಿದ್ವಿ" ಅಂತ ಕ್ಯಾಂಟೀನ್‌ನಿಂದ ಹಿಡಿದು ಬಾರ್ಬರ್ ಶಾಪ್ ತನಕ ಎಲ್ರೂ ಅದನ್ನೇ ಹೇಳೋರು, ನಾನೂ ಹೇಳಿದೀನಿ, ಸುಳ್ಳ್ಯಾಕೆ. ಬೀಮರ್‌ಗೂ 1992ರಲ್ಲಿ ಕೊನೇ ಕ್ವಾರ್ಟರ್‌ನಲ್ಲಿ ಕೈತಪ್ಪಿದ ಮ್ಯಾಚ್‌ಗಳು ಇದ್ವು. ಆದ್ರೆ ಒಂದು ವರ್ಷ ಕೂದಲೆಳೆಯಲ್ಲಿ ಸೋತ್ರೆ ದುರದೃಷ್ಟ, ನಾಲ್ಕು ವರ್ಷವೂ ಹಂಗೇ ಸೋಲ್ತಿದ್ರೆ ಅದು ಕೋಚ್‌ನ ಕೈಗುಣ.

ಅಥ್ಲೆಟಿಕ್ ಡೈರೆಕ್ಟರ್ ಟ್ರೆವ್ ಆಲ್ಬರ್ಟ್ಸ್ 2021ರ ನವೆಂಬರ್‌ನಲ್ಲಿ ಮಧ್ಯದ ದಾರಿ ಹಿಡಿದ್ರು. ಸಂಬಳ 50 ಲಕ್ಷ ಡಾಲರ್‌ನಿಂದ 40 ಲಕ್ಷಕ್ಕೆ ಇಳಿಸಿದ್ರು, ಬೈಔಟ್ ಕಮ್ಮಿ ಮಾಡಿದ್ರು, ಅಫೆನ್ಸ್‌ನ ನಾಲ್ಕು ಅಸಿಸ್ಟೆಂಟ್ ಕೋಚ್‌ಗಳನ್ನ ತೆಗೆದ್ರು, ಕೋಚ್ ಮಾತ್ರ ಅವರೇ. ನೆಂಟರ ಮೇಲೂ ಪ್ರೀತಿ, ಅಕ್ಕಿ ಮೇಲೂ ಆಸೆ. ಒಂದು ಕಡೆ ನಿನ್ನ ಮೇಲೆ ನಂಬಿಕೆ ಇದೆ ಅಂತೀವಿ, ಇನ್ನೊಂದು ಕಡೆ ಸಂಬಳ ಕಡಿತ ಮಾಡಿ ಊರಿಗೆಲ್ಲ ಗೊತ್ತಾಗೋ ಹಾಗೆ ಹೇಳ್ತೀವಿ. ಅಂಥಾ ಕೋಚ್ ಮನೆಗೆ ಬಂದು ನಿಮ್ಮ ಹುಡುಗನ್ನ ನಮ್ಮ ಕಾಲೇಜಿಗೆ ಕಳಿಸಿ ಅಂದ್ರೆ ಯಾವ ಅಪ್ಪ ಅಮ್ಮ ನಂಬ್ತಾರೆ?

2022ರ ಮೊದಲ ಮ್ಯಾಚು ಇದೇ ಡಬ್ಲಿನ್‌ನಲ್ಲಿ, ನಾರ್ತ್‌ವೆಸ್ಟರ್ನ್ ವಿರುದ್ಧ. 28-17 ಮುಂದಿದ್ರು. ಆರಾಮಾಗಿ ಆಡ್ಕೊಂಡು ಹೋಗೋದು ಬಿಟ್ಟು ಫ್ರಾಸ್ಟ್ ಆನ್‌ಸೈಡ್ ಕಿಕ್ ಮಾಡಿಸಿದ್ರು, ಅಂದ್ರೆ ಬಾಲ್‌ನ ದೂರಕ್ಕೆ ಒದೀದೆ ಹತ್ತಿರಕ್ಕೆ ಉರುಳಿಸಿ ತಾವೇ ಹಿಡ್ಕೊಳ್ಳೋ ಜೂಜು, ಸಾಮಾನ್ಯವಾಗಿ ಸೋಲ್ತಿರೋರು ಕೊನೇ ನಿಮಿಷದಲ್ಲಿ ಮಾಡೋದು. ಬಾಲ್ ಎದುರಾಳಿಗೆ ಸಿಕ್ತು, ಮ್ಯಾಚ್ 31-28ಕ್ಕೆ ಹೋಯ್ತು. ಎರಡು ವಾರ ಆದ್ಮೇಲೆ ಸೆಪ್ಟೆಂಬರ್ 10ರ ರಾತ್ರಿ ಜಾರ್ಜಿಯಾ ಸದರ್ನ್, ದುಡ್ಡು ಕೊಟ್ಟು ಸುಲಭದ ಗೆಲುವಿಗೆ ಅಂತ ಕರೆಸಿದ್ದ ಟೀಮು, ನಮ್ಮ ಮೇಲೆ 642 ಯಾರ್ಡ್ ಹೊಡೀತು. 36 ಸೆಕೆಂಡ್ ಉಳಿದಿರೋವಾಗ ಅವರ ಕ್ವಾರ್ಟರ್‌ಬ್ಯಾಕ್ ತಾನೇ ಬಾಲ್ ಹಿಡ್ಕೊಂಡು ಒಳಗೆ ಓಡ್ದ, 45-42. ಕೊನೇಲಿ ನಮ್ಮವರು 3 ಪಾಯಿಂಟ್‌ಗೆ 52 ಯಾರ್ಡ್‌ನಿಂದ ಒದ್ದ ಫೀಲ್ಡ್ ಗೋಲೂ ಹೋಗ್ಲಿಲ್ಲ. ನನ್ನ ಪಕ್ಕ ಕೂತಿದ್ದ ವಯಸ್ಸಾದ ರೈತರು ಬೈಲಿಲ್ಲ, ಕೂಗ್ಲಿಲ್ಲ, ಸೀಟಿನ ಕೆಳಗಿಟ್ಟಿದ್ದ ಕುಶನ್ ಮಡಚಿ ಕಂಕುಳಲ್ಲಿ ಇಟ್ಕೊಂಡು ಎದ್ದು ಹೋದ್ರು ಅಷ್ಟೇ. ಅವತ್ತೇ ಅನ್ಕೊಂಡೆ, ಇನ್ನು ಮುಗೀತು ಅಂತ. ಮಾರನೇ ದಿನ ಫ್ರಾಸ್ಟ್ ಮನೆಗೆ.

ಇದ್ರಲ್ಲಿ ಹೊಟ್ಟೆ ಉರಿಸೋ ವಿಷ್ಯ ಏನು ಗೊತ್ತಾ, ಅಕ್ಟೋಬರ್ 1ರ ತನಕ ಕಾದಿದ್ರೆ ಬೈಔಟ್ ಅರ್ಧಕ್ಕೆ ಇಳೀತಿತ್ತು. ಮೂರು ವಾರ ಕಾಯೋಕಾಗ್ದೆ ಸುಮಾರು 75 ಲಕ್ಷ ಡಾಲರ್ ಜಾಸ್ತಿ ತೆತ್ತು ಒಟ್ಟು 1.5 ಕೋಟಿ ಕೊಟ್ಟು ಕಳಿಸಿದ್ರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಹಂಗಂತ ಆಲ್ಬರ್ಟ್ಸ್‌ನ ಬೈಯೋಕೂ ಮನಸ್ಸು ಬರಲ್ಲ, ಇನ್ನು ಮೂರು ವಾರ ಆ ಸ್ಟೇಡಿಯಂನಲ್ಲಿ ಕೂರೋದಿತ್ತಲ್ಲ ಅದರ ಬೆಲೆ ನಮಗೇ ಗೊತ್ತು.

ನಿಮ್ಮ ಪಕ್ಕದೂರು ಗೇನ್ಸ್‌ವಿಲ್‌ದು, ಅಂದ್ರೆ ನಿಮ್ಮ ಎದುರಾಳಿ ಫ್ಲೋರಿಡಾ ಯೂನಿವರ್ಸಿಟಿ ಕಥೆ, ನಿಮಗೇ ಗೊತ್ತಿರುತ್ತೆ. 2024ರ ನವೆಂಬರ್‌ನಲ್ಲಿ ಕೋಚ್ ಬಿಲ್ಲಿ ನೇಪಿಯರ್‌ನ ಮುಂದುವರಿಸ್ತೀವಿ ಅಂತ ಸೀಸನ್ ಮಧ್ಯದಲ್ಲೇ ಹೇಳಿದ್ರು, ಆಮೇಲೆ ಕೊನೆಯ ನಾಲ್ಕೂ ಗೆದ್ರು, ಎಲ್ರೂ ಭೇಷ್ ಅಂದ್ರು. 2025ರ ಅಕ್ಟೋಬರ್‌ನಲ್ಲಿ 3-4 ಇದ್ದಾಗ ಕಳಿಸಿದ್ರು, ಅದೂ ಮ್ಯಾಚ್ ಗೆದ್ದ ಮಾರನೇ ದಿನ!

ಹಾಗಾದ್ರೆ ನಾರ್ವೆಲ್? ನನ್ನ ಅಭಿಪ್ರಾಯ ಕೇಳಿದ್ರೆ 2024 ಆದ್ಮೇಲೆ ಇಟ್ಕೊಂಡಿದ್ದು ಸರಿ. ಒಂದು ವರ್ಷದ ಹಿಂದೆ 13 ಗೆದ್ದೋನು, ಬೀಮರ್ ಮಾಡಿದ್ದನ್ನೇ ಮಾಡ್ದ, ಅಫೆನ್ಸ್‌ಗೆ ಗಸ್ ಮಾಲ್ಜಾನ್, ಡಿಫೆನ್ಸ್‌ಗೆ ಟೋನಿ ವೈಟ್ ಅಂತ ಇಬ್ಬರೂ ಕೋಆರ್ಡಿನೇಟರ್‌ಗಳನ್ನ ಹೊಸದಾಗಿ ತಂದ, ತನ್ನ ಸಂಬಳದಲ್ಲಿ 45 ಲಕ್ಷ ಡಾಲರ್ ವಾಪಸ್ ಪ್ರೋಗ್ರಾಮ್‌ಗೇ ಬಿಟ್ಕೊಟ್ಟ. 2025ರ ಮೊದಲ ಮ್ಯಾಚಲ್ಲಿ ಅಲಬಾಮಾನ 31-17ಕ್ಕೆ ಕೆಡವಿದಾಗ ನೀವೂ ಕುಣಿದಿರ್ತೀರಿ. ಆಮೇಲೆ? ಹೊರಗಿನ ಊರಲ್ಲಿ ಐದು ಮ್ಯಾಚ್, ವರ್ಜೀನಿಯಾ, ಸ್ಟ್ಯಾನ್‌ಫರ್ಡ್, ಕ್ಲೆಮ್ಸನ್, ಎನ್‌ಸಿ ಸ್ಟೇಟ್, ಗೇನ್ಸ್‌ವಿಲ್, ಐದಕ್ಕೆ ಐದೂ ಸೋಲು. ಕೊನೇದು 40-21, ಅದೂ ಕೋಚ್‌ನ ಕಳಿಸಿ ಹಂಗಾಮಿ ಕೋಚ್ ಕೈಯಲ್ಲಿ ಆಡ್ತಿದ್ದ ಫ್ಲೋರಿಡಾ ಹತ್ರ. ಅಲಬಾಮಾನ ಸೋಲಿಸೋ ಟೀಮು ಸ್ಟ್ಯಾನ್‌ಫರ್ಡ್ ಹತ್ರ 20-13ಕ್ಕೆ ಸೋಲುತ್ತೆ ಅಂದ್ರೆ ಹುಡುಗ್ರಲ್ಲಿ ತಾಕತ್ತಿಲ್ಲ ಅಂತಲ್ಲ, ವಾರ ವಾರ ತಯಾರಿ ಮಾಡ್ಸೋ ಕಡೆ ಏನೋ ಸಡಿಲ ಆಗಿದೆ, ಅದು ನೇರ ಹೆಡ್ ಕೋಚ್ ಕೆಲಸ. ಅಸಿಸ್ಟೆಂಟ್ ಬದಲಾಯಿಸೋ ಮದ್ದು ಒಂದ್ಸಲ ಕೊಟ್ಟಾಯ್ತು, ಮತ್ತೆ ಅದನ್ನೇ ಕೊಟ್ರೆ ಕಾಯಿಲೆ ಹೋಗಲ್ಲ.

ಹಾಗಾಗಿ ಬೈಔಟ್ ಅನ್ನೋದೇ ಇಲ್ದಿದ್ರೆ 2025ರ ಕೊನೇಲಿ ನಾನು ಕಳಿಸ್ತಿದ್ದೆ. ಆದ್ರೆ ಇಟ್ಕೊಂಡಾಗಿದೆ. ಇಟ್ಕೊಂಡ ಮೇಲೆ ನೆಬ್ರಾಸ್ಕಾ ಥರ ಅರ್ಧಂಬರ್ಧ ಮಾಡ್ಬಾರ್ದು, ಒಳ್ಳೆ ಪ್ಲೇಯರ್ಸ್ ತರೋಕೆ ದುಡ್ಡು ಪೂರ್ತಿ ಕೊಡಿ, ಸೆಪ್ಟೆಂಬರ್‌ನಲ್ಲಿ ಒಂದು ಮ್ಯಾಚ್ ಸೋತ ತಕ್ಷಣ ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡ್ಬೇಡಿ. ನೀವು ನೋಡ್ಬೇಕಾದ್ದು ಹೊರಗಿನ ಊರಿನ ಮ್ಯಾಚ್‌ಗಳು. ಮನೇಲಿ ಎಷ್ಟು ಗೆದ್ರು ಅಂತ ನನಗೆ ಹೇಳ್ಬೇಡಿ.

ಪ್ರಶ್ನೆ: ಕೋಚ್ ಹೋದ್ರೆ ಪ್ಲೇಯರ್ಸೂ ಗುಂಪುಗುಂಪಾಗಿ ಬೇರೆ ಕಾಲೇಜಿಗೆ ಹೋಗ್ತಾರಂತೆ. ಅದಕ್ಕಿಂತ ಇರೋನ್ನೇ ಇಟ್ಕೊಳ್ಳೋದು ವಾಸಿ ಅಲ್ವಾ? (ಎಂ.ಎಸ್. ಓದ್ತಿರೋ ವಿದ್ಯಾರ್ಥಿ, ಇಂಡಿಯಾನಾ)

ಉತ್ತರ: ಇಂಡಿಯಾನಾದಲ್ಲಿ ಕೂತ್ಕೊಂಡು ಈ ಪ್ರಶ್ನೆ ಕೇಳ್ತೀರಲ್ಲ ಮಾರಾಯ್ರೇ! ನಿಮ್ಮಲ್ಲಿ ಕೋಚ್ ಟಾಮ್ ಅಲೆನ್ 2021ರಲ್ಲಿ 2-10, 2022ರಲ್ಲಿ 4-8, 2023ರಲ್ಲಿ 3-9 ಮಾಡಿದ್ರು, ಬೈಔಟ್ ಭಯಕ್ಕೇ ಎಳ್ಕೊಂಡು ಬಂದ್ರು. ಕೊನೆಗೆ ಕಳಿಸಿ ಜೇಮ್ಸ್ ಮ್ಯಾಡಿಸನ್‌ನಿಂದ ಕರ್ಟ್ ಸಿಗ್ನೆಟಿನ ತಂದ್ರು, ಅವರು ಜೊತೆಗೆ ತಮ್ಮ ಹಳೇ ಟೀಮಿನ ಹತ್ತಕ್ಕಿಂತ ಜಾಸ್ತಿ ಹುಡುಗ್ರನ್ನೂ ಕರ್ಕೊಂಡು ಬಂದ್ರು, 2024ರಲ್ಲಿ 11-2, 2025ರಲ್ಲಿ ಒಹಾಯೋ ಸ್ಟೇಟ್‌ನ 13-10ಕ್ಕೆ ಸೋಲಿಸಿ ಬಿಗ್ ಟೆನ್ ಅನ್ನೋ ಲೀಗಿನ ಚಾಂಪಿಯನ್. ಪೋರ್ಟಲ್ ಅನ್ನೋದು, ಅಂದ್ರೆ ಹುಡುಗ್ರು ಕಾಲೇಜು ಬದಲಾಯಿಸೋ ವ್ಯವಸ್ಥೆ, ಎರಡೂ ಕಡೆ ತೆರೆಯೋ ಬಾಗಿಲು. ಹೋಗೋ ಹುಡುಗ್ರು ಸೋಲೋ ಕೋಚ್ ಇದ್ರೂ ಹೋಗ್ತಾರೆ, 2025ರ ಜುಲೈನಿಂದ ಕಾಲೇಜುಗಳೇ ಪ್ಲೇಯರ್ಸ್‌ಗೆ ನೇರವಾಗಿ ದುಡ್ಡು ಕೊಡ್ಬಹುದು, ವರ್ಷಕ್ಕೆ ಎಲ್ಲಾ ಆಟಕ್ಕೂ ಸೇರಿ ಸುಮಾರು 2 ಕೋಟಿ ಡಾಲರ್ ತನಕ, ಇನ್ನು ಕೇಳ್ಬೇಕಾ. ಆದ್ರೆ ಎಲ್ರಿಗೂ ಸಿಗ್ನೆಟಿ ಸಿಗಲ್ಲ. ಕಳಿಸೋಕೆ ಮುಂಚೆ ಯಾರನ್ನ ತರ್ತೀವಿ ಅನ್ನೋದು ಗೊತ್ತಿರ್ಬೇಕು.

ಪ್ರಶ್ನೆ: ಕಾಲೇಜಿನ ಕೋಚ್‌ಗೆ ಇಷ್ಟೊಂದು ಸಂಬಳನಾ? ಇದೆಲ್ಲ ಜನರ ತೆರಿಗೆ ದುಡ್ಡಾ? (ನಿವೃತ್ತ ಲೆಕ್ಚರರ್, ಮೈಸೂರು)

ಉತ್ತರ: ಹೌದು ಸರ್, ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳದ ಸರ್ಕಾರಿ ನೌಕರ ಅಂದ್ರೆ ಯೂನಿವರ್ಸಿಟಿಯ ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚೇ. ಆದ್ರೆ ದುಡ್ಡು ಹೆಚ್ಚಾಗಿ ತೆರಿಗೆಯಿಂದಲ್ಲ, ಟಿವಿ ಹಕ್ಕು, ಟಿಕೆಟ್ಟು, ಬೂಸ್ಟರ್ಸ್ ಅನ್ನೋ ಹಳೇ ವಿದ್ಯಾರ್ಥಿ ದಾನಿಗಳಿಂದ ಬರುತ್ತೆ. ಬೈಔಟ್ ಬಂದಾಗಲೂ ಫೋನ್ ಹೋಗೋದು ಅದೇ ದಾನಿಗಳಿಗೆ. ಫ್ಲೋರಿಡಾ ಸ್ಟೇಟ್‌ಗೆ 2013ರಲ್ಲಿ ಚಾಂಪಿಯನ್‌ಶಿಪ್ ತಂದ್ಕೊಟ್ಟ ಜಿಂಬೊ ಫಿಶರ್ ಆಮೇಲೆ ಟೆಕ್ಸಸ್ ಎ ಅಂಡ್ ಎಂಗೆ ಹೋದ್ರು, 2023ರ ನವೆಂಬರ್‌ನಲ್ಲಿ ಅಲ್ಲಿಂದ ಕಳಿಸಿದಾಗ ಒಟ್ಟು ಲೆಕ್ಕ 7.5 ಕೋಟಿ ಡಾಲರ್ ದಾಟ್ತು. ಒಂದು ಭಾಗ ಎರಡು ತಿಂಗಳೊಳಗೆ ಕೊಟ್ರು, ಉಳಿದಿದ್ದು ವರ್ಷಕ್ಕೆ ಸುಮಾರು 72 ಲಕ್ಷ ಡಾಲರ್‌ನಂತೆ 2031ರ ತನಕ ಹೋಗ್ತಾನೇ ಇರುತ್ತೆ. ಈ ಮಧ್ಯ ಅವರಿಗೆ ಬೇರೆ ಕಡೆ ಕೆಲಸ ಸಿಕ್ರೂ ಒಂದು ಡಾಲರ್ ಕಡಿತ ಇಲ್ಲ ಅಂತ ಒಪ್ಪಂದದಲ್ಲೇ ಬರ್ಸ್ಕೊಂಡಿದಾರೆ.