ಸಂಪಾದಕರ ಉತ್ತರ: ವಿಮಾನದ ಜೊತೆ ಬಂದ ಕಾಗದ

ಓದುಗರ ಪತ್ರದ ಸಾರ: "ಕಳೆದ ಸಂಚಿಕೆಯಲ್ಲಿ ಪೋರ್ಚುಗಲ್‌ನ ಆಫ್ರಿಕಾ ಯುದ್ಧದ ವಿಮಾನಗಳ ಬಗ್ಗೆ ಬಂದ ಲೇಖನ ಓದಿದೆ. ಒಂದು ಚಿತ್ರದ ಕೆಳಗೆ 'ಗಿನಿಯಲ್ಲಿ ಸೇಬರ್, 1966' ಎಂದು ಹಾಕಿದ್ದೀರಿ. ಇಸವಿ ತಪ್ಪು. ಇನ್ನೊಂದು ಮಾತು. ವಿಮಾನಗಳ ಪತ್ರಿಕೆಯಲ್ಲಿ ವಸಾಹತು, ವಿಶ್ವಸಂಸ್ಥೆ, ಹತ್ಯಾಕಾಂಡ ಇವೆಲ್ಲ ಯಾಕೆ? ಯಂತ್ರಕ್ಕೆ ರಾಜಕೀಯ ಇಲ್ಲ. ಎಂಜಿನ್ನು, ರೆಕ್ಕೆ, ಫಿರಂಗಿ ಇವುಗಳ ಬಗ್ಗೆ ಬರೆಯಿರಿ, ಸಾಕು. ಕೊನೆಯದಾಗಿ, ಪೋರ್ಚುಗಲ್ ಸೋತದ್ದು ರಷ್ಯದ ಸ್ಟ್ರೆಲಾ ಕ್ಷಿಪಣಿಯಿಂದ. ಅದನ್ನು ನೇರವಾಗಿ ಹೇಳಲು ನಿಮಗೆ ಯಾಕೋ ಮನಸ್ಸಿಲ್ಲ."

ಮಾನ್ಯರೇ,

ಇಸವಿಯ ವಿಷಯದಲ್ಲಿ ನೀವು ಹೇಳಿದ್ದೇ ಸರಿ. 1966ರಲ್ಲಿ ಗಿನಿಯಲ್ಲಿ, ಅಂದರೆ ಆಗ ಪೋರ್ಚುಗಲ್‌ನ ವಸಾಹತಾಗಿದ್ದ ಇಂದಿನ ಗಿನಿ-ಬಿಸ್ಸಾವ್‌ನಲ್ಲಿ, ಒಂದೇ ಒಂದು ಸೇಬರ್ ಜೆಟ್ ಇರಲಿಲ್ಲ. ಆ ಸಾಲು ಬರೆದವನು ನಾನೇ. ಪುಟ ಮುಗಿಸುವ ಅವಸರದಲ್ಲಿ ಚಿತ್ರದ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದ್ದ ಇಸವಿಯನ್ನು ಹಾಗೇ ಇಳಿಸಿಬಿಟ್ಟೆ. ಲೇಖನ ಬರೆದವರ ಪಾಲು ಅದರಲ್ಲಿ ಏನೂ ಇಲ್ಲ. ಬೈಗುಳ ನನಗೇ ಸೇರಬೇಕು.

ಆದರೆ ಸೇಬರ್‌ಗಳು ಗಿನಿಯಿಂದ ಯಾಕೆ ಹೋದವು ಅಂತ ನೀವು ಬರೆದಿಲ್ಲ. ಬರೆಯಲು ಕೂತಿದ್ದರೆ ನಿಮ್ಮ ಎರಡನೇ ಮಾತನ್ನು ನೀವೇ ಹೊಡೆದು ಹಾಕುತ್ತಿದ್ದಿರಿ ಅನ್ನಿಸುತ್ತದೆ.

ಕಥೆ ಹೀಗಿದೆ. 1961ರ ಆಗಸ್ಟ್‌ನಲ್ಲಿ ಪೋರ್ಚುಗಲ್ ಎಂಟು ಎಫ್-86 ಸೇಬರ್‌ಗಳನ್ನು ಗಿನಿಯ ಬಿಸ್ಸಾಲಂಕಾ ನೆಲೆಗೆ ಕಳಿಸಿತು. ಆ ವರ್ಷ ಅಂಗೋಲದಲ್ಲಿ ಆಗಲೇ ಬೆಂಕಿ ಹೊತ್ತಿಕೊಂಡಿತ್ತು. ಗಿನಿಯಲ್ಲಿ ಹೊತ್ತಿಕೊಂಡದ್ದು 1963ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕಾಗಿ ಕಾದುತ್ತಿದ್ದ ಅಮಿಲ್ಕಾರ್ ಕಬ್ರಾಲ್ ಅವರ ಪಿಎಐಜಿಸಿ ಪಕ್ಷದ ಹೋರಾಟಗಾರರು ಟಿಟೆ ಎಂಬಲ್ಲಿನ ಸೇನಾ ಠಾಣೆಯ ಮೇಲೆ ಬಿದ್ದಾಗ. ಸೇಬರ್‌ಗಳು ಕಾಡಿನ ಮೇಲೆ ಬಾಂಬು ಹಾಕಲು ಶುರು ಮಾಡಿದವು. ಈ ವಿಮಾನಗಳನ್ನು ಅಮೆರಿಕ ಕೊಟ್ಟಿದ್ದು ನ್ಯಾಟೋ ಲೆಕ್ಕದಲ್ಲಿ, ಯುರೋಪಿನ ಆಕಾಶ ಕಾಯಲು. ಪಶ್ಚಿಮ ಆಫ್ರಿಕಾದ ಹಳ್ಳಿಗಳ ಮೇಲೆ ಹಾರಿಸಲು ಅಲ್ಲ. ಅಮೆರಿಕ ಗಲಾಟೆ ಮಾಡಿತು. 1964ರಲ್ಲಿ ಸೇಬರ್‌ಗಳು ವಾಪಸ್ ಹೋದವು. ಎಂಜಿನ್ ಕೆಟ್ಟಿರಲಿಲ್ಲ. ಬಿಡಿಭಾಗಕ್ಕೆ ಕೊರತೆ ಬಂದಿರಲಿಲ್ಲ. ಅವನ್ನು ಅಲ್ಲಿಂದ ಎಬ್ಬಿಸಿದ್ದು ಒಂದು ಒಪ್ಪಂದದ ಕಾಗದ.

ಆ ಕಾಗದವನ್ನು ಬಿಟ್ಟು ಬರೀ ರೆಕ್ಕೆ, ಎಂಜಿನ್ ಬರೆದರೆ, '1966ರಲ್ಲಿ ಸೇಬರ್' ಅಂತ ನಾನು ಬರೆದದ್ದು ಯಾಕೆ ತಪ್ಪು ಅನ್ನುವುದೇ ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ?

ಸೇಬರ್ ಹೋದ ಮೇಲೆ ಗಿನಿಯಲ್ಲಿ ಜೆಟ್ ಇಲ್ಲದ ಕಾಲ ಬಂತು. ಆ ಕೆಲಸದ ಬಹುಪಾಲು ಟಿ-6 ಮೇಲೆ ಬಿತ್ತು. ಟಿ-6 ಅಂದರೆ ಹುಡುಗರಿಗೆ ಹಾರಾಟ ಕಲಿಸುವ ಪಂಖದ ವಿಮಾನ. ಅದಕ್ಕೆ ಮೆಷಿನ್ ಗನ್, ಸಣ್ಣ ಬಾಂಬು ನೇತುಹಾಕಿದರು. ಪೋರ್ಚುಗಲ್ ಹತ್ತಿರ ಇದ್ದ ಟಿ-6ಗಳಲ್ಲಿ ಕೆಲವು ಫ್ರಾನ್ಸ್‌ನಿಂದ ಬಂದವು. ಫ್ರಾನ್ಸ್ ಅವನ್ನು ಅಲ್ಜೀರಿಯದ ಯುದ್ಧದಲ್ಲಿ ಬಳಸಿ ಮುಗಿಸಿತ್ತು. ಒಂದು ವಸಾಹತು ಯುದ್ಧ ಮುಗಿದಾಗ ಅದರ ಸಾಮಾನು ಇನ್ನೊಂದಕ್ಕೆ ಹೋಯಿತು. ಮಾರುವವರೂ ಕೊಳ್ಳುವವರೂ ಇದಕ್ಕೆ ಸಂಕೋಚಪಡಲಿಲ್ಲ.

ಆಮೇಲೆ ಬಂತು ಫಿಯಟ್ ಜಿ.91. ಎಂಜಿನ್ ಬಗ್ಗೆ ಬರೆಯಿರಿ ಅಂದಿರಲ್ಲ, ಇಲ್ಲಿ ಸಂತೋಷವಾಗಿ ಬರೆಯುತ್ತೇನೆ. ಇಟಲಿಯ ಜುಸೆಪ್ಪೆ ಗಾಬ್ರಿಯೆಲ್ಲಿ ರೂಪಿಸಿದ ವಿಮಾನ ಇದು. ನ್ಯಾಟೋ 1950ರ ದಶಕದಲ್ಲಿ ನಡೆಸಿದ ಸ್ಪರ್ಧೆಯಲ್ಲಿ ಗೆದ್ದದ್ದು. ಹಗುರ, ಚಿಕ್ಕದು, ಹುಲ್ಲಿನ ಮೈದಾನದಿಂದಲೂ ಏಳಬಲ್ಲದು. ಒಳಗಿದ್ದದ್ದು ಬ್ರಿಸ್ಟಲ್ ಆರ್ಫಿಯಸ್ ಎಂಜಿನ್. ನಮ್ಮ ನ್ಯಾಟ್ ಮತ್ತು ಮಾರುತ್ ವಿಮಾನಗಳಲ್ಲಿ ಇದ್ದದ್ದೂ ಅದೇ ಕುಟುಂಬದ ಎಂಜಿನ್. ಬೆಂಗಳೂರಿನಲ್ಲೇ ಪರವಾನಗಿ ಪಡೆದು ಅದನ್ನು ತಯಾರಿಸುತ್ತಿದ್ದರು. ಗಿನಿಯ ಕಾಡಿನ ಮೇಲೆ ಕೇಳಿಸಿದ ಶಬ್ದ ಎಚ್‌ಎಎಲ್‌ನ ಹಳೆಯ ನೌಕರರಿಗೆ ಪರಿಚಯದ ಶಬ್ದವೇ ಆಗಿರುತ್ತಿತ್ತು.

ಪೋರ್ಚುಗಲ್ ಕೈಗೆ ಬಂದದ್ದು ಆರ್/4 ಎಂಬ ಮಾದರಿ. ಮೂಗಿನಲ್ಲಿ ನಾಲ್ಕು 12.7 ಮಿ.ಮೀ. ಮೆಷಿನ್ ಗನ್. ಗ್ರೀಸ್ ಮತ್ತು ಟರ್ಕಿಗೆ ಅಂತ ಮಾಡಿಸಿದ್ದು. ಅವರಿಗೆ ಬೇಡವಾಯಿತು. ಪಶ್ಚಿಮ ಜರ್ಮನಿ ತೆಗೆದುಕೊಂಡಿತು. ಅದಕ್ಕೂ ಅಷ್ಟಾಗಿ ಬೇಕಿರಲಿಲ್ಲ. ಕೊನೆಗೆ 40 ವಿಮಾನಗಳನ್ನು ಪೋರ್ಚುಗಲ್‌ಗೆ ಮಾರಿತು. ಮಾರುವಾಗ ಒಂದು ಷರತ್ತು ಹಾಕಿತು: ಇವು ರಕ್ಷಣೆಗೆ ಮಾತ್ರ, ಪೋರ್ಚುಗಲ್‌ನ ನೆಲದಲ್ಲಿ ಮಾತ್ರ.

ಲಿಸ್ಬನ್ ಒಪ್ಪಿತು. ಒಪ್ಪದೆ ಏನು? 1951ರಲ್ಲೇ ಪೋರ್ಚುಗಲ್‌ನ ಸರ್ವಾಧಿಕಾರಿ ಸಲಜಾರ್ ಸರಕಾರ ಸಂವಿಧಾನ ತಿದ್ದಿ 'ವಸಾಹತು' ಎಂಬ ಪದವನ್ನು ತೆಗೆದು ಹಾಕಿತ್ತು. ಅದರ ಜಾಗದಲ್ಲಿ 'ಸಾಗರದಾಚೆಯ ಪ್ರಾಂತ್ಯ' ಅಂತ ಬರೆದಿತ್ತು. ಹಾಗಾಗಿ ಅಂಗೋಲ, ಮೊಜಾಂಬಿಕ್, ಗಿನಿ ಎಲ್ಲವೂ ಪೋರ್ಚುಗಲ್‌ನ ನೆಲವೇ! 1966ರಲ್ಲಿ ಫಿಯಟ್‌ಗಳು ಗಿನಿಗೆ ಹೋದವು. ಆಮೇಲೆ ಮೊಜಾಂಬಿಕ್‌ಗೂ ಹೋದವು. ಜರ್ಮನಿಯಲ್ಲಿ ಪ್ರಶ್ನೆ ಎದ್ದಾಗ ಪೋರ್ಚುಗಲ್ ಇದೇ ಉತ್ತರ ಕೊಟ್ಟಿತು. ಷರತ್ತು ಮುರಿದಿಲ್ಲವಲ್ಲ, ಇದು ನಮ್ಮ ನೆಲ ತಾನೆ?

ಇದೇ ವಾದ ಗೋವಾ ವಿಷಯದಲ್ಲೂ ನಡೆದಿತ್ತು, ನೆನಪಿರಬಹುದು. 1961ರ ಡಿಸೆಂಬರ್ 18ರಂದು ನಮ್ಮ ಕ್ಯಾನ್‌ಬೆರಾ ವಿಮಾನಗಳು ದಾಬೋಲಿಂ ರನ್‌ವೇ ಮೇಲೆ ಬಾಂಬು ಹಾಕಿದವು. ಎದುರಿಸಲು ಅಲ್ಲಿ ಒಂದೂ ಯುದ್ಧವಿಮಾನ ಇರಲಿಲ್ಲ. ಮರುದಿನವೇ ಎಲ್ಲ ಮುಗಿಯಿತು. ನ್ಯಾಟೋ ಗೆಳೆಯರು ಯಾಕೆ ಓಡಿ ಬರಲಿಲ್ಲ ಅಂದರೆ, ಅದಕ್ಕೂ ಒಂದು ಕಾಗದವಿದೆ. ನ್ಯಾಟೋ ಒಪ್ಪಂದದ 6ನೇ ವಿಧಿ ರಕ್ಷಣೆಯ ಗಡಿಯನ್ನು ಕರ್ಕಾಟಕ ವೃತ್ತದ ಉತ್ತರದ ಅಟ್ಲಾಂಟಿಕ್ ಪ್ರದೇಶಕ್ಕೆ ಕಟ್ಟಿಹಾಕಿದೆ. ಗಿನಿ, ಅಂಗೋಲ, ಮೊಜಾಂಬಿಕ್, ಗೋವಾ ಎಲ್ಲವೂ ಆ ಗೆರೆಯ ಕೆಳಗೆ.

ವಿಶ್ವಸಂಸ್ಥೆ ಯಾಕೆ ಅಂತ ಕೇಳಿದ್ದೀರಿ. 1963ರ ಜುಲೈನಲ್ಲಿ ಭದ್ರತಾ ಮಂಡಳಿ 180ನೇ ನಿರ್ಣಯದಲ್ಲಿ, ವಸಾಹತುಗಳ ಜನರನ್ನು ದಮನ ಮಾಡಲು ನೆರವಾಗುವ ಆಯುಧಗಳನ್ನು ಪೋರ್ಚುಗಲ್‌ಗೆ ಕೊಡಬೇಡಿ ಅಂದಿತು. 'ಆ ಉದ್ದೇಶಕ್ಕೆ' ಎಂಬ ಮಾತಿನ ಸಂದಿಯಲ್ಲಿ ಎಷ್ಟು ಮಾಲು ನುಸುಳಿತು ನೋಡಿ. ಉದ್ದೇಶ ಬೇರೆ ಅಂತ ಬರೆದುಕೊಟ್ಟರೆ ಆಯಿತು. ಹಾಗೆ ಬರೆದುಕೊಡಲೂ ಆಗದಾಗ ಕಳ್ಳದಾರಿ ಇತ್ತು. 1965ರಲ್ಲಿ ಅಮೆರಿಕದಿಂದ 20 ಬಿ-26 ಬಾಂಬರ್‌ಗಳನ್ನು ಗುಟ್ಟಾಗಿ ಸಾಗಿಸುವ ಏರ್ಪಾಡಾಗಿತ್ತು. ಏಳು ತಲುಪಿದ ಮೇಲೆ ಗುಟ್ಟು ರಟ್ಟಾಯಿತು.

ಈಗ ನಿಮ್ಮ ಇಷ್ಟದ ಫಿರಂಗಿಗೆ ಬರೋಣ. ನನಗೂ ಇದು ಇಷ್ಟದ ವಿಷಯವೇ. ಎಂಜಿ 151/20 ಅಂತ ಒಂದು 20 ಮಿ.ಮೀ. ಫಿರಂಗಿ. ಜರ್ಮನಿಯ ಮೌಸರ್ ಕಂಪನಿ ಮಾಡಿದ್ದು. ಎರಡನೇ ಮಹಾಯುದ್ಧದಲ್ಲಿ ಮೆಸರ್‌ಶ್ಮಿಟ್ ವಿಮಾನಗಳಲ್ಲಿ ಇತ್ತು. ಜರ್ಮನಿ ಸೋತಿತು, ಫಿರಂಗಿ ಉಳಿಯಿತು. ಫ್ರೆಂಚರು ಅದನ್ನು ತಮ್ಮ ಹೆಲಿಕಾಪ್ಟರಿನ ಬಾಗಿಲಿಗೆ ಕಟ್ಟಿ ಅಲ್ಜೀರಿಯದ ಬೆಟ್ಟಗಳಿಗೆ ಒಯ್ದರು. ಅಲ್ಲಿಂದ ಆ ಉಪಾಯವನ್ನು ಪೋರ್ಚುಗೀಸರು ಕಲಿತರು. ಅಲುವೆಟ್-3 ಹೆಲಿಕಾಪ್ಟರಿನ ಎಡ ಬಾಗಿಲಿಗೆ ಅದೇ ಫಿರಂಗಿ ಕಟ್ಟಿದರು. ಸೈನಿಕರು ಅದನ್ನು 'ಲೋಬೊ ಮೌ' ಅಂದರು, ಕೆಟ್ಟ ತೋಳ ಅಂತ ಅರ್ಥ. ಆಮೇಲೆ ಬಿಳಿಯರ ಆಳ್ವಿಕೆಯ ರೊಡೇಷಿಯ ತನ್ನ ಅಲುವೆಟ್‌ಗಳಿಗೂ ಅದನ್ನೇ ಕಟ್ಟಿಕೊಂಡಿತು. ದಕ್ಷಿಣ ಆಫ್ರಿಕಾ ಅದನ್ನೇ ನೋಡಿ ತನ್ನದೊಂದು ಫಿರಂಗಿ ಮಾಡಿಕೊಂಡಿತು.

ಹಿಟ್ಲರನ ವಾಯುಪಡೆಯಿಂದ ವರ್ಣಭೇದದ ಸರಕಾರದವರೆಗೆ ಒಂದೇ ಫಿರಂಗಿಯ ನಡಿಗೆ. ಇದರಲ್ಲಿ ರಾಜಕೀಯ ಬೇಡ, ಗುಂಡಿನ ಅಳತೆ ಮಾತ್ರ ಸಾಕು ಅಂದರೆ, ಆ ನಡಿಗೆಯ ದಾರಿಯನ್ನು ನಾನು ಹೇಗೆ ಹೇಳಲಿ?

ಅಲುವೆಟ್-3 ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಅದರ ಹೆಸರು ಚೇತಕ್. ಬೆಂಗಳೂರಿನಲ್ಲಿ ಎಚ್‌ಎಎಲ್ ಕಟ್ಟಿದ ಹೆಲಿಕಾಪ್ಟರ್. ನೆರೆ ಬಂದಾಗ ಮನೆಯ ಮಾಳಿಗೆಯಿಂದ ಜನರನ್ನು ಎತ್ತುವ, ಬೆಟ್ಟದಿಂದ ಗಾಯಾಳುವನ್ನು ಇಳಿಸುವ ಯಂತ್ರ. ನಮಗೆ ಅದರ ಮೇಲೆ ಒಂದು ಪ್ರೀತಿ ಇದೆ. ನನಗೂ ಇದೆ. ಗಿನಿಯ ಕಾಡಿನಲ್ಲಿದ್ದ ಪೋರ್ಚುಗೀಸ್ ಸೈನಿಕನಿಗೂ ಇತ್ತು. ನೆಲಬಾಂಬಿನ ಮೇಲೆ ಕಾಲಿಟ್ಟ ಗೆಳೆಯನನ್ನು ಆಸ್ಪತ್ರೆಗೆ ಒಯ್ಯುತ್ತಿದ್ದದ್ದು ಅದೇ. ಪ್ಯಾರಾಚೂಟ್ ತರಬೇತಿ ಪಡೆದ ನರ್ಸ್‌ಗಳು ಅದರಲ್ಲಿ ಹಾರುತ್ತಿದ್ದರು.

ಅದೇ ಹೆಲಿಕಾಪ್ಟರು 1972ರ ಡಿಸೆಂಬರ್ 16ರಂದು ಮೊಜಾಂಬಿಕ್‌ನ ಟೆಟೆ ಪ್ರಾಂತ್ಯದ ವಿರಿಯಾಮು ಎಂಬ ಹಳ್ಳಿಗೂ ಬಂತು. ಮೊದಲು ವಿಮಾನಗಳಿಂದ ಬಾಂಬು. ಆಮೇಲೆ ಹೆಲಿಕಾಪ್ಟರಿನಿಂದ ಇಳಿದ ಕಮಾಂಡೋಗಳು. ವಿರಿಯಾಮು ಮತ್ತು ಅಕ್ಕಪಕ್ಕದ ಹಳ್ಳಿಗಳಲ್ಲಿ ಸತ್ತವರು ಸುಮಾರು 400 ಜನ. ಹೆಂಗಸರು, ಮಕ್ಕಳು ಸೇರಿ. 1973ರ ಜುಲೈನಲ್ಲಿ ಒಬ್ಬ ಪಾದ್ರಿಯ ವರದಿ ಲಂಡನ್ನಿನ ಪತ್ರಿಕೆಯಲ್ಲಿ ಬಂದಾಗ ಜಗತ್ತಿಗೆ ಗೊತ್ತಾಯಿತು. ಅಂಥ ಹಳ್ಳಿಯೇ ಇಲ್ಲ ಅನ್ನುವ ಮಾತೂ ಆಗ ಕೇಳಿಬಂತು. 2022ರಲ್ಲಿ ಪೋರ್ಚುಗಲ್‌ನ ಪ್ರಧಾನಿ ಆಂಟೋನಿಯೊ ಕೋಸ್ಟಾ ಮೊಜಾಂಬಿಕ್‌ನಲ್ಲೇ ನಿಂತು ಇದಕ್ಕೆ ಕ್ಷಮೆ ಕೇಳಿದರು. 50 ವರ್ಷ ಬೇಕಾಯಿತು.

ಅಲುವೆಟ್ ಬಗ್ಗೆ ಎರಡು ಪುಟ ಬರೆದು ಈ ದಿನವನ್ನು ಬಿಟ್ಟುಬಿಡಿ ಅಂತ ನೀವು ಹೇಳುತ್ತಿದ್ದೀರಿ. ಅದು ನನ್ನಿಂದ ಆಗುವುದಿಲ್ಲ. ನರ್ಸ್‌ಗಳನ್ನು ಬರೆದ ಕೈಯೇ ಇದನ್ನೂ ಬರೆಯಬೇಕು.

ಇನ್ನು ಸ್ಟ್ರೆಲಾ. ಇಲ್ಲಿ ನೀವು ಅರ್ಧ ಸರಿ. ಹೆಗಲ ಮೇಲೆ ಇಟ್ಟು ಹಾರಿಸುವ ಕ್ಷಿಪಣಿ ಅದು. ಎಂಜಿನ್ನಿನ ಬಿಸಿಯ ಬೆನ್ನು ಹತ್ತಿ ಹೋಗುತ್ತದೆ. 1973ರ ಜನವರಿಯಲ್ಲಿ ಕಬ್ರಾಲ್ ಕೊಲೆಯಾದರು. ಎರಡು ತಿಂಗಳ ಮೇಲೆ, ಮಾರ್ಚ್ 25ರಂದು, ಗಿನಿಯಲ್ಲಿ ಸ್ಟ್ರೆಲಾ ಏಟಿಗೆ ಮೊದಲ ಫಿಯಟ್ ಬಿತ್ತು. ಪೈಲಟ್ ಹೊರಗೆ ಹಾರಿ ಬದುಕಿದರು. ಮೂರು ದಿನದಲ್ಲಿ ಇನ್ನೊಂದು ಫಿಯಟ್ ಬಿತ್ತು, ಆ ಪೈಲಟ್ ಉಳಿಯಲಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಡಾರ್ನಿಯರ್ ಎಂಬ ಹಗುರ ವಿಮಾನ, ಟಿ-6 ಕೂಡ ಬಿದ್ದವು. ಅಲ್ಲಿಯವರೆಗೆ ಆಕಾಶ ತಮ್ಮದೇ ಅಂದುಕೊಂಡವರಿಗೆ ಇದು ದೊಡ್ಡ ಪೆಟ್ಟು. ಗಾಯಾಳುಗಳನ್ನು ಎತ್ತಲು ಹೆಲಿಕಾಪ್ಟರ್ ಬರುವುದು ಅನುಮಾನ ಅಂತ ಆದ ಮೇಲೆ ಕಾಡಿನ ಠಾಣೆಗಳಲ್ಲಿ ಧೈರ್ಯ ಕುಸಿಯಿತು. ಗಡಿಯ ಹತ್ತಿರದ ಗಿಲೇಜೆ ಠಾಣೆಯನ್ನು ಮೇ 22ರಂದು ಪೋರ್ಚುಗೀಸರು ಬಿಟ್ಟು ಹೊರಟರು.

ಆದರೆ ವಾಯುಪಡೆ ಹಾರುವುದನ್ನು ನಿಲ್ಲಿಸಲಿಲ್ಲ. ಮರದ ತುದಿಗೆ ತಾಗುವ ಹಾಗೆ ಕೆಳಗೆ ಹಾರಿದರು, ಇಲ್ಲವೇ ಕ್ಷಿಪಣಿಗೆ ಎಟುಕದಷ್ಟು ಮೇಲೆ ಹಾರಿದರು. ವಿಮಾನಗಳಿಗೆ ಕಡುಹಸಿರು ಬಣ್ಣ ಬಳಿದರು. ಆಮೇಲೆ ನಷ್ಟ ತುಂಬ ಕಡಿಮೆಯಾಯಿತು. ಅಂಥದೇ ಕ್ಷಿಪಣಿ ತನಗೂ ಬೇಕು ಅಂತ ಪೋರ್ಚುಗಲ್ ಅಮೆರಿಕವನ್ನು ಕೇಳಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಇಸ್ರೇಲಿಗೆ ಆಯುಧ ಸಾಗಿಸಲು ಅಮೆರಿಕಕ್ಕೆ ಅಜೋರ್ಸ್ ದ್ವೀಪದ ಲಾಜೆಸ್ ನೆಲೆ ಬೇಕಾಗಿತ್ತು. ಚೌಕಾಸಿಗೆ ಒಳ್ಳೆ ಸಮಯ ನೋಡಿ! ಇಲ್ಲೂ ಕಾಗದವೇ.

ಯುದ್ಧ ಮುಗಿಸಿದ್ದು ಕ್ಷಿಪಣಿ ಹಾರಿಸಿದವನೊಬ್ಬನೇ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೂ ಹತ್ತು ವರ್ಷದಿಂದ ಪಿಎಐಜಿಸಿ ಹಳ್ಳಿ ಹಳ್ಳಿಯಲ್ಲಿ ಶಾಲೆ ನಡೆಸಿತ್ತು, ಆಸ್ಪತ್ರೆ ನಡೆಸಿತ್ತು. ಕಬ್ರಾಲ್ ಕೃಷಿ ಎಂಜಿನಿಯರ್. ಗಿನಿಯ ಬೇಸಾಯದ ಗಣತಿ ಮಾಡಲು ಊರೂರು ತಿರುಗಿದ್ದವರು. ರೈತರಿಗೆ ಏನು ಬೇಕು ಅಂತ ಅವರಿಗೆ ಗೊತ್ತಿತ್ತು. 1973ರ ಸೆಪ್ಟೆಂಬರ್ 24ರಂದು ಆ ಪಕ್ಷ ತಾನೇ ಸ್ವಾತಂತ್ರ್ಯ ಘೋಷಿಸಿತು. ಇನ್ನೊಂದು ಕಡೆ, ಗಿನಿಯಲ್ಲಿ ಗವರ್ನರ್ ಆಗಿದ್ದ ಜನರಲ್ ಸ್ಪಿನೊಲಾ ಅವರೇ 1974ರ ಫೆಬ್ರವರಿಯಲ್ಲಿ, ಸೇನೆಯಿಂದ ಮಾತ್ರ ಇದನ್ನು ಗೆಲ್ಲಲಾಗದು ಅಂತ ಪುಸ್ತಕ ಬರೆದರು. ಏಪ್ರಿಲ್ 25ರಂದು ಲಿಸ್ಬನ್ನಿನಲ್ಲಿ ಸರಕಾರವನ್ನು ಉರುಳಿಸಿದ ಕ್ಯಾಪ್ಟನ್‌ಗಳು, ಮೇಜರ್‌ಗಳು ಈ ಯುದ್ಧದಲ್ಲೇ ಬೇಸತ್ತವರು. 13 ವರ್ಷದಲ್ಲಿ ಪೋರ್ಚುಗಲ್ ಕಡೆಯೇ 8 ಸಾವಿರಕ್ಕೂ ಜಾಸ್ತಿ ಸೈನಿಕರು ಸತ್ತಿದ್ದರು.

ಇನ್ನೊಂದು ದೂರು ನಿಮ್ಮಿಂದ ಬರಬೇಕಿತ್ತು, ಬರಲಿಲ್ಲ. ಅದನ್ನು ನಾನೇ ಹೇಳುತ್ತೇನೆ. ಪೋರ್ಚುಗಲ್ ಪರ ಹೋರಾಡಿದ ಗಿನಿಯ ಕಪ್ಪು ಸೈನಿಕರ ಬಗ್ಗೆ ನಮ್ಮ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ಆಫ್ರಿಕನ್ ಕಮಾಂಡೋ ಪಡೆಗಳಿಗೆ ಸೇರಿದವರು ಅವರು. ಅಲುವೆಟ್‌ಗಳಿಂದ ಇಳಿದು ಕಾದವರಲ್ಲಿ ಅವರೂ ಇದ್ದರು. ಸ್ವಾತಂತ್ರ್ಯ ಬಂದಾಗ ಹೆಲಿಕಾಪ್ಟರುಗಳು ಲಿಸ್ಬನ್‌ಗೆ ಹೋದವು, ಇವರಲ್ಲಿ ಹೆಚ್ಚಿನವರು ಗಿನಿಯಲ್ಲೇ ಉಳಿದರು. ಹೊಸ ಸರಕಾರ ಅವರಲ್ಲಿ ಅನೇಕರನ್ನು ಕೊಂದಿತು. ಇದನ್ನು ಬಿಟ್ಟದ್ದು ಇಸವಿಯ ತಪ್ಪಿಗಿಂತ ದೊಡ್ಡ ತಪ್ಪು. ಮೊಜಾಂಬಿಕ್ ತನ್ನ ನೆಲದಲ್ಲಿ ನೆಲಬಾಂಬು ಉಳಿದಿಲ್ಲ ಅಂತ ಹೇಳಲು ಆದದ್ದು 2015ರಲ್ಲಿ, ಆಮೇಲಿನ ಅಂತರ್ಯುದ್ಧದ ಬಾಂಬುಗಳೂ ಸೇರಿ. ಅದೂ ಲೇಖನದಲ್ಲಿ ಇರಲಿಲ್ಲ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ಚಿತ್ರದ ಕೆಳಗೆ ಬರಬೇಕಾಗಿದ್ದ ಸಾಲನ್ನು ಈಗಲೇ ನಿಮಗೆ ಬರೆದು ಕಳಿಸುತ್ತಿದ್ದೇನೆ. ತಪ್ಪಿದ್ದರೆ ಇನ್ನೊಂದು ಪತ್ರ ಹಾಕಿ.

'ಪೋರ್ಚುಗೀಸ್ ವಾಯುಪಡೆಯ ಎಫ್-86 ಸೇಬರ್. ಯುರೋಪಿನ ರಕ್ಷಣೆಗೆಂದು ಅಮೆರಿಕ ಕೊಟ್ಟ ವಿಮಾನ. ಗಿನಿಯಲ್ಲಿ 1963ರಿಂದ ಬಾಂಬು ಹಾಕಿತು. 1964ರಲ್ಲಿ ಅಮೆರಿಕದ ಒತ್ತಾಯಕ್ಕೆ ವಾಪಸ್ ಹೋಯಿತು.'

ಇಂತಿ,
ಸಂಪಾದಕ